ನಾಲ್ಕನೇ ಮಹಡಿಯ ಮನೆಗೆ ಎರಡು ಬೆಕ್ಕಿನ ಮರಿ ಬಂದಿವೆ, ಏನೇನು ನೋಡಿಕೊಳ್ಳಬೇಕು?

ಕೇಳಿದವರು, ಬೆಂಗಳೂರು

ನಮಸ್ಕಾರ. ಹೋದ ಭಾನುವಾರ ಎರಡು ಮರಿ ತಂದಿದ್ದೇವೆ. ಅಕ್ಕ, ತಮ್ಮ. ಮೂರು ತಿಂಗಳಾಗಿರಬಹುದು. ನಮ್ಮದು ನಾಲ್ಕನೇ ಮಹಡಿ, ಬಾಡಿಗೆ ಮನೆ. ಊರಿನಲ್ಲೂ ಬೆಕ್ಕು ಇತ್ತು, ಆದರೆ ಅದು ಅಟ್ಟ, ಕೊಟ್ಟಿಗೆ, ತೋಟ ಅಂತ ತನ್ನ ಪಾಡಿಗೆ ತಿರುಗಿಕೊಂಡಿತ್ತು. ಇವು ಇಡೀ ದಿನ ಮನೆಯೊಳಗೇ ಇರುತ್ತವೆ. ನಾವಿಬ್ಬರೂ ಕೆಲಸಕ್ಕೆ ಹೋದರೆ ಅತ್ತೆ ಒಬ್ಬರೇ. ನಿನ್ನೆ ಗಂಡು ಮರಿ ಬಾಲ್ಕನಿ ಗ್ರಿಲ್ಲಿನ ಸಂದಿಯಲ್ಲಿ ತಲೆ ತೂರಿಸಿ ಕೆಳಗೆ ನೋಡುತ್ತಿದ್ದ, ನನ್ನ ಎದೆ ಧಸಕ್ಕೆಂದಿತು. ನಿಮ್ಮ ಮನೆಗಳಲ್ಲಿ ಏನಾಗಿತ್ತು, ಆಮೇಲೆ ಏನು ಬದಲಾಯಿಸಿದಿರಿ, ದಯವಿಟ್ಟು ಹೇಳಿ.

ಮಂಗಳೂರಿನಿಂದ

ಮೊದಲು ಬಾಲ್ಕನಿಗೆ ಬಲೆ ಹಾಕಿಸಿ, ಮಿಕ್ಕಿದ್ದನ್ನು ಆಮೇಲೆ ಓದಿ. ತಲೆ ಹೋದ ಸಂದಿಯಲ್ಲಿ ಬೆಕ್ಕಿನ ಮೈಯೂ ಹೋಗುತ್ತದೆ. ಅದರ ಕೊರಳೆಲುಬು ನಮ್ಮದರ ಹಾಗೆ ಬೇರೆ ಎಲುಬಿಗೆ ಕೂಡಿಕೊಂಡಿರುವುದಿಲ್ಲ, ಅದಕ್ಕೇ ಭುಜ ಮಡಚಿ ನುಸುಳಿಬಿಡುತ್ತದೆ.

"ಬೆಕ್ಕು ಎಲ್ಲಿಂದ ಬಿದ್ದರೂ ಕಾಲ ಮೇಲೇ ನಿಲ್ಲುತ್ತೆ" ಅಂತ ನಾವೂ ನಂಬಿದ್ದೆವು. ನಮ್ಮವಳು ಮೂರನೇ ಮಹಡಿಯಿಂದ ಪಾರಿವಾಳದ ಹಿಂದೆ ಹಾರಿದಳು. ಕಾಲ ಮೇಲೇ ಬಿದ್ದಳು, ನಿಜ. ಆದರೆ ಆ ವೇಗಕ್ಕೆ ಗಲ್ಲ ನೆಲಕ್ಕೆ ಬಡಿದು ಅಂಗುಳ ನಡುವೆ ಸೀಳಿತ್ತು, ಎದೆಗೂ ಪೆಟ್ಟಾಗಿತ್ತು. ನಾಲ್ಕು ವಾರ ಸಿರಿಂಜಿನಲ್ಲಿ ಗಂಜಿಯಂಥ ಆಹಾರ ಕೊಟ್ಟು ಉಳಿಸಿಕೊಂಡೆವು. 1987ರಲ್ಲಿ ನ್ಯೂಯಾರ್ಕಿನ ಪಶುವೈದ್ಯರು ಹೀಗೆ ಮೇಲಿಂದ ಬಿದ್ದ 132 ಬೆಕ್ಕುಗಳ ವಿವರ ಪ್ರಕಟಿಸಿದ್ದರು. ಚಿಕಿತ್ಸೆ ಸಿಕ್ಕವುಗಳಲ್ಲಿ 90 ಶೇಕಡಾ ಉಳಿದವು ಅಂತ ಜನ ಅದನ್ನೇ ಸಮಾಧಾನಕ್ಕೆ ಹೇಳುತ್ತಾರೆ. ಅದು ಆಸ್ಪತ್ರೆ ತನಕ ಬಂದವುಗಳ ಲೆಕ್ಕ. ಬಿದ್ದಲ್ಲೇ ಸತ್ತವು ಅದರಲ್ಲಿಲ್ಲ.

ಬಾಡಿಗೆ ಮನೆ ಅಂದಿರಿ, ಗೋಡೆ ಕೊರೆಯಲು ಬಿಡದಿದ್ದರೆ ಗ್ರಿಲ್ಲಿಗೇ ಕೇಬಲ್ ಟೈ ಹಾಕಿ ತಂತಿ ಜಾಲರಿ ಬಿಗಿಯಬಹುದು. ಪಾರಿವಾಳಕ್ಕೆಂದು ಹಾಕುವ ನೈಲಾನ್ ಬಲೆ ಬಿಸಿಲಿಗೆ ಪುಡಿಪುಡಿಯಾಗುತ್ತದೆ, ಬೆಕ್ಕು ಕಚ್ಚಿಯೂ ಹರಿಯುತ್ತದೆ. ಅದನ್ನೇ ಹಾಕಿಸಿದರೆ ತಿಂಗಳಿಗೊಮ್ಮೆ ಮೂಲೆಗಳನ್ನು ಕೈಯಲ್ಲಿ ಎಳೆದು ನೋಡಿ.

ಶಿವಮೊಗ್ಗದಿಂದ

ಅತ್ತೆ ಮನೆಯಲ್ಲಿರುತ್ತಾರೆ ಅಂದಿದ್ದಕ್ಕೆ ಕೇಳುತ್ತೇನೆ, ಹೂ ಕಟ್ಟುತ್ತಾರಾ? ಕಟ್ಟುತ್ತಾರೆ ಅಂದರೆ ಇದನ್ನು ಅವರಿಗೂ ಓದಿ ಹೇಳಿ.

ನಮ್ಮ ಅಮ್ಮ ಶುಕ್ರವಾರದ ಪೂಜೆಗೆ ಗುರುವಾರ ರಾತ್ರಿಯೇ ಸೇವಂತಿಗೆ ಕಟ್ಟುತ್ತಾರೆ. ಕಾಲು ಚಾಚಿ ಕೂತು, ದಾರದ ಒಂದು ತುದಿ ಹೆಬ್ಬೆರಳಿಗೆ ಸುತ್ತಿಕೊಂಡು ಸರಸರ ಕಟ್ಟುವಾಗ ಬೆಕ್ಕು ಆ ಕುಣಿಯುವ ದಾರ ನೋಡುತ್ತಾ ಪಕ್ಕದಲ್ಲೇ ಕೂತಿರುತ್ತಿತ್ತು. ನಮಗೆ ಅದು ನೋಡಲು ಚೆಂದ. ಫೋಟೋ ಕೂಡ ತೆಗೆದಿದ್ದೆ.

ಒಂದು ಶನಿವಾರ ಎರಡು ಸಲ ವಾಂತಿ ಮಾಡಿತು. ಕೂದಲುಂಡೆ ಇರಬೇಕು ಅಂದುಕೊಂಡೆವು. ಭಾನುವಾರ ಮಂಚದ ಕೆಳಗೆ ಸೇರಿಕೊಂಡಿತು. ಮೀನು ಇಟ್ಟರೆ ಮೂಸಿ ನೋಡಿ ಮುಖ ತಿರುಗಿಸಿತು, ಬಾಯಿ ಚಪ್ಪರಿಸುತ್ತಾ ಜೊಲ್ಲು ಸುರಿಸುತ್ತಿತ್ತು. ಸೋಮವಾರ ಡಾಕ್ಟರ ಹತ್ತಿರ ಒಯ್ದಾಗ ಅವರು ಹೊಟ್ಟೆ ಮುಟ್ಟುವ ಮೊದಲು ಬಾಯಿ ತೆರೆಸಿದರು. ಗಲ್ಲದ ಕೆಳಗಿನ ಮೆತ್ತನೆ ಜಾಗವನ್ನು ಹೆಬ್ಬೆರಳಿನಿಂದ ಮೇಲಕ್ಕೆ ಒತ್ತಿದರೆ ನಾಲಿಗೆ ಎದ್ದುಕೊಳ್ಳುತ್ತದೆ. ಅದರ ಬುಡದಲ್ಲಿ ಬಿಳಿ ಗೆರೆಯೊಂದು ಮಾಂಸಕ್ಕೆ ಇಳಿದಿತ್ತು. ಹೂವಿನ ದಾರ. ನಾಲಿಗೆಗೆ ಉರುಳಾಗಿ ಸುತ್ತಿಕೊಂಡು, ಉಳಿದ ಉದ್ದ ಪೂರ್ತಿ ಹೊಟ್ಟೆಗೆ ಹೋಗಿ ಕರುಳು ಸೇರಿತ್ತು.

ಬೆಕ್ಕಿನ ನಾಲಿಗೆಯ ಮುಳ್ಳುಗಳು ಗಂಟಲ ಕಡೆಗೇ ಬಾಗಿರುತ್ತವೆ, ಹಾಗಾಗಿ ಬಾಯಿಗೆ ಸಿಕ್ಕ ದಾರವನ್ನು ಉಗುಳುವುದು ಅದಕ್ಕೆ ಕಷ್ಟ, ಒಳಗೊಳಗೆ ಎಳೆದುಕೊಳ್ಳುತ್ತಲೇ ಹೋಗುತ್ತದೆ. ಒಂದು ತುದಿ ಸಿಕ್ಕಿಬಿದ್ದಿರುತ್ತದೆ, ಇನ್ನೊಂದನ್ನು ಕರುಳು ಮುಂದಕ್ಕೆ ದೂಡುತ್ತಿರುತ್ತದೆ. ಆಗ ಲಂಗದ ಲಾಡಿ ಎಳೆದಾಗ ಬಟ್ಟೆ ನೆರಿಗೆ ಕಟ್ಟಿಕೊಳ್ಳುತ್ತದಲ್ಲ, ಕರುಳು ಹಾಗಾಗುತ್ತದೆ. ಆಪರೇಷನ್‌ನಲ್ಲಿ ಎರಡು ಕಡೆ ಕರುಳು ಕೊಯ್ದು ದಾರ ತೆಗೆದರು. ಬದುಕಿತು. ಇನ್ನೊಂದು ದಿನ ತಡವಾಗಿದ್ದರೆ ದಾರವೇ ಗರಗಸದಂತೆ ಕರುಳು ಕೊಯ್ಯುತ್ತಿತ್ತು ಅಂದರು. ಬಾಯಿಂದಾಗಲಿ, ಹಿಂದಿನಿಂದಾಗಲಿ ದಾರದ ತುದಿ ನೇತಾಡುತ್ತಿದ್ದರೂ ಎಳೆಯಬೇಡಿ. ಹಾಗೇ ಡಾಕ್ಟರ ಹತ್ತಿರ ಒಯ್ಯಿರಿ.

ಈಗ ಅಮ್ಮ ಬಾಗಿಲು ಹಾಕಿಕೊಂಡೇ ಹೂ ಕಟ್ಟುತ್ತಾರೆ. ದಾರದುಂಡೆ, ಬಾಳೆನಾರು ಎರಡೂ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿರುತ್ತವೆ. ದೇವರಿಂದ ತೆಗೆದ ಬಾಡಿದ ಹೂವು ಮುಂಚೆ ಬುಟ್ಟಿಯಲ್ಲಿ ಬಿದ್ದಿರುತ್ತಿತ್ತು. ಈಗ ದಾರ ಬಿಡಿಸಿ ಅದನ್ನು ಮುಚ್ಚಳದ ಕಸದ ಡಬ್ಬಿಗೆ ಹಾಕಿ, ಹೂವನ್ನಷ್ಟೇ ಗಿಡದ ಬುಡಕ್ಕೆ ಹಾಕುತ್ತೇವೆ. ದಾರ ಪೋಣಿಸಿದ ಸೂಜಿ, ಸೀರೆ ಫಾಲ್ಸ್ ಬಿಚ್ಚಿದ ದಾರ, ತಲೆಗೂದಲ ರಬ್ಬರ್ ಬ್ಯಾಂಡ್, ಗಣಪತಿ ಮಂಟಪಕ್ಕೆ ಇಳಿಬಿಡುವ ಜರಿ ಎಲ್ಲದಕ್ಕೂ ಇದೇ ಎಚ್ಚರಿಕೆ ಬೇಕು.

ಧಾರವಾಡದಿಂದ

ನಮ್ಮ ಮನ್ಯಾಗ ಆಗಿದ್ದು ಹೇಳ್ತೀನ್ರಿ, ಯಾರ ಮನ್ಯಾಗೂ ಆಗಬಾರ್ದು. ಬೆಕ್ಕಿಗೆ ಮೈ ಬಿಸಿ ಆಗಿತ್ತು. ನಮ್ಮಪ್ಪಗ ಅದರ ಮ್ಯಾಲೆ ಭಾಳ ಜೀವ. ಸಣ್ಣ ಹುಡುಗ್ರಿಗೆ ಕೊಟ್ಟಂಗ ಪ್ಯಾರಾಸಿಟಮಾಲ್ ಗುಳಗಿ ಅರ್ಧಾ ಮುರದು ಹಾಲಿನ್ಯಾಗ ಕಲಸಿ ಕುಡಿಸಿದ್ರು. ಸಂಜಿ ಆಗೂದ್ರಾಗ ಮಾರಿ ಬಾತು, ಒಸಡು ಕಂದು ಬಣ್ಣಕ್ಕ ತಿರುಗಿ, ಉಸಿರಿಗೆ ಒದ್ದಾಡಾಕ ಹತ್ತಿತು. ದವಾಖಾನಿಗೆ ಒಯ್ದ್ವಿ, ಉಳೀಲಿಲ್ಲ. ಅಪ್ಪ ಇವತ್ತಿಗೂ ಆ ಮಾತು ಎತ್ತಿದ್ರ ಎದ್ದು ಹೊರಗ ಹೋಗ್ತಾರ. ಪ್ರೀತಿಲೇ ಕೊಟ್ಟಿದ್ದು ಅದು. ನಿಮ್ಮ ಅತ್ತಿಯವರಿಗೂ ಹೇಳ್ರಿ, ಮನುಷ್ಯಾರ ಗುಳಗಿ ಬೆಕ್ಕಿಗೆ ಬ್ಯಾಡ.

ಮೈಸೂರಿನ ಪಶುವೈದ್ಯೆ

ಮೇಲಿನದನ್ನು ಓದಿ ತುಂಬ ನೋವಾಯಿತು. ನಿಮ್ಮ ತಂದೆಯವರು ತಿಳಿದು ಮಾಡಿದ್ದಲ್ಲ. ಪ್ಯಾರಾಸಿಟಮಾಲನ್ನು ನಿರಪಾಯಗೊಳಿಸಿ ಹೊರಹಾಕುವ ಶಕ್ತಿ ನಮ್ಮ ಯಕೃತ್ತಿಗಿದೆ, ಬೆಕ್ಕಿನದಕ್ಕೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ರಕ್ತ ಆಮ್ಲಜನಕ ಒಯ್ಯಲಾರದೆ ಕಂದಾಗುತ್ತದೆ. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಅನ್ನುವ ಮದ್ದು ಇದೆ, ಆದರೆ ಗಂಟೆಗಳ ಲೆಕ್ಕದಲ್ಲಿ ಬರಬೇಕು. ತಿಂದದ್ದು ಗೊತ್ತಾದ ತಕ್ಷಣ ಹೊರಡಿ, ಲಕ್ಷಣ ಕಾಣಲಿ ಅಂತ ಕಾಯಬೇಡಿ.

ಫಿನಾಯಿಲ್ ಕೂಡ ಇದೇ ಸಾಲಿನದು. ಯಾರೂ ಅದನ್ನು ಬೆಕ್ಕಿಗೆ ಕುಡಿಸುವುದಿಲ್ಲ, ಒರೆಸಿದ ಒದ್ದೆ ನೆಲದ ಮೇಲೆ ಅದು ನಡೆದು, ಆಮೇಲೆ ಪಾದ ನೆಕ್ಕಿಕೊಳ್ಳುತ್ತದೆ, ಅಷ್ಟೆ. ಬೆಕ್ಕಿರುವ ಮನೆಯಲ್ಲಿ ಬರೀ ನೀರು ಅಥವಾ ಸ್ವಲ್ಪ ಸೋಪಿನ ನೀರು ಸಾಕು. ಬೀರುವಿನ ನುಸಿಗುಳಿಗೆ, ದೇವರಮನೆಯ ಕರ್ಪೂರ ಎರಡನ್ನೂ ಮುಚ್ಚಿಡಿ. ನಾಯಿಯ ಮೈಯ ಉಣ್ಣಿಗೆಂದು ಬೆನ್ನಿಗೆ ಬಿಡುವ ಹನಿಗಳಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿಗೆ ನಡುಕ, ಫಿಟ್ಸ್ ಬಂದು ಪ್ರಾಣ ಹೋಗಬಹುದು. "ಅದೇ ಔಷಧಿ, ಸ್ವಲ್ಪ ಕಡಿಮೆ ಹಾಕೋಣ" ಅನ್ನಬೇಡಿ.

ಇನ್ನೊಂದು ಲಿಲಿ ಹೂವು. ಹುಟ್ಟುಹಬ್ಬಕ್ಕೆ ಕೊಡುವ ಬೊಕೆಗಳಲ್ಲಿ ದೊಡ್ಡ ದಳದ, ಬಟ್ಟೆಗೆ ಅಂಟುವ ಕೇಸರಿ ಪರಾಗದ ಹೂವಿರುತ್ತದಲ್ಲ, ಅದು. ಎಲೆ, ದಳ, ಮೈಗೆ ಬಿದ್ದ ಪರಾಗ ನೆಕ್ಕಿದ್ದು, ಹೂದಾನಿಯ ನೀರು, ಯಾವುದಾದರೂ ಸಾಕು ಮೂತ್ರಪಿಂಡ ಕೆಡಲು. ಮೊದಲು ವಾಂತಿ ಮಾಡಿ, ಆಮೇಲೆ ಸುಧಾರಿಸಿದಂತೆ ಕಂಡು, ಎರಡು ಮೂರು ದಿನಕ್ಕೆ ಮೂತ್ರವೇ ನಿಲ್ಲುತ್ತದೆ. ಕುಂಡದಲ್ಲಿ ಬೆಳೆಸುವ ಪೀಸ್ ಲಿಲಿ ಬೇರೆ ಜಾತಿ. ಅದು, ಮನಿಪ್ಲಾಂಟ್ ಎರಡೂ ಬಾಯಿ ಉರಿಸುತ್ತವೆ, ಸಾಮಾನ್ಯವಾಗಿ ಅದಕ್ಕಿಂತ ಮುಂದೆ ಹೋಗುವುದಿಲ್ಲ. ಕಣಗಿಲೆ ಮಾತ್ರ ಹೃದಯಕ್ಕೇ ಕೈ ಹಾಕುತ್ತದೆ.

ನೆರೆಮನೆಯಲ್ಲಿ ಇಲಿ ಪಾಷಾಣ ಇಡುತ್ತಾರಾ ಕೇಳಿಕೊಳ್ಳಿ. ಬ್ರೋಮಾಡಿಯೊಲೋನ್ ಇರುವ ಬಿಲ್ಲೆ ತಿಂದ ಬೆಕ್ಕು ಎರಡು ಮೂರು ದಿನ ಚೆನ್ನಾಗೇ ಇದ್ದು ಆಮೇಲೆ ಒಳಗೇ ರಕ್ತ ಸೋರಲು ಶುರುವಾಗುತ್ತದೆ. ಅದಕ್ಕೆ ಮದ್ದಾಗಿ ವಿಟಮಿನ್ ಕೆ1 ಇದೆ. ಏನೇ ತಿಂದಿರಲಿ, ಪೊಟ್ಟಣ ಜೊತೆಗೆ ತನ್ನಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಬೇಡ, ಆ ಉಪ್ಪೇ ಇನ್ನೊಂದು ವಿಷವಾಗುತ್ತದೆ.

ಚಿಕ್ಕಮಗಳೂರಿನಿಂದ

ವಾಷಿಂಗ್ ಮೆಷಿನ್ ಬಾಗಿಲು ಯಾವಾಗಲೂ ಮುಚ್ಚಿರಲಿ. ಬಟ್ಟೆ ಹಾಕಿದ ಮೇಲೆ ಒಳಗೆ ಕೈಯಾಡಿಸಿ ಎರಡೂ ಮರಿ ಎಲ್ಲಿವೆ ಅಂತ ಕಣ್ಣಾರೆ ಕಂಡೇ ಸ್ವಿಚ್ ಒತ್ತಿ. ಬಾತ್‌ರೂಮಿನ ತುಂಬಿದ ಬಕೆಟ್ಟೂ ಅಷ್ಟು ಸಣ್ಣ ಮರಿಗೆ ಬಾವಿಯೇ. ಇಲ್ಲಿ ಚಳಿಗೆ, ಮಳೆಗೆ ಬೆಕ್ಕುಗಳು ಆಗಷ್ಟೇ ನಿಲ್ಲಿಸಿದ ಕಾರಿನ ಇಂಜಿನ್ ಮೇಲೆ ಹೋಗಿ ಮಲಗುತ್ತವೆ. ನಾನು ಬೆಳಿಗ್ಗೆ ಬಾನೆಟ್ ಎರಡು ಸಲ ತಟ್ಟದೆ ಗಾಡಿ ಶುರು ಮಾಡುವುದಿಲ್ಲ.

ಕೇಳಿದವರು, ಬೆಂಗಳೂರು

ಎಲ್ಲರಿಗೂ ಕೈಮುಗಿದು ಥ್ಯಾಂಕ್ಸ್. ಮನೆ ಮಾಲೀಕರು ಕೊರೆಯಬೇಡಿ ಅಂದರು, ಜಾಲರಿಯನ್ನು ಕೇಬಲ್ ಟೈಗಳಲ್ಲಿ ಬಿಗಿದಿದ್ದೇವೆ. ಅರ್ಧ ದಿನದ ಕೆಲಸ. ಹೂವಿನ ದಾರದ ವಿಷಯ ಓದಿ ಹೇಳಿದ ಕೂಡಲೇ ಅತ್ತೆ ಏನೂ ಮಾತಾಡದೆ ಎದ್ದು ಹೋಗಿ ದೇವರಮನೆಯ ಮೊಳೆಗೆ ನೇತುಹಾಕಿದ್ದ ದಾರದುಂಡೆ ತೆಗೆದು ಹಾರ್ಲಿಕ್ಸ್ ಬಾಟಲಿಗೆ ಹಾಕಿ ಮುಚ್ಚಳ ತಿರುಗಿಸಿದರು. ಫಿನಾಯಿಲ್ ಕೆಲಸದವರಿಗೆ ಕೊಟ್ಟುಬಿಟ್ಟೆವು, ಅವರ ಮನೆಯಲ್ಲಿ ಬೆಕ್ಕಿಲ್ಲ ಅಂತ ಕೇಳಿಕೊಂಡೇ.

ಈಗ ಅತ್ತೆಯದೇ ಒಂದು ಪ್ರಶ್ನೆ: ಹೆಣ್ಣು ಮರಿ ತುಳಸಿ ಕುಂಡದ ಮಣ್ಣು ಕೆದಕಿ ಅಲ್ಲೇ ಉಚ್ಚೆ ಹೊಯ್ಯುತ್ತಾಳೆ. ಬೈಯಲು ಅವರಿಗೆ ಮನಸ್ಸಿಲ್ಲ, ಏನು ಮಾಡುವುದು?

ಶಿವಮೊಗ್ಗದಿಂದ

ಮಣ್ಣಿನ ಮೇಲೆ ಮುಷ್ಟಿ ಗಾತ್ರದ ಕಲ್ಲು ಒತ್ತೊತ್ತಾಗಿ ಜೋಡಿಸಿ, ನೀರು ಸಂದಿಯಲ್ಲಿ ಇಳಿಯುತ್ತದೆ. ಮರಳಿನ ಟ್ರೇ ಒಂದೇ ಇದ್ದರೆ ಇನ್ನೊಂದನ್ನು ತುಳಸಿ ಕುಂಡದ ಹತ್ತಿರವೇ ಇಡಿ. ನಮ್ಮಲ್ಲಿ ನಾಲ್ಕೇ ದಿನಕ್ಕೆ ಅಲ್ಲಿಗೆ ಹೋಗಲು ಕಲಿತಿತ್ತು.