ವಿಚರ್ 3: ಹಾರ್ಟ್ಸ್ ಆಫ್ ಸ್ಟೋನ್ ಈಗಲೇ ಶುರು ಮಾಡಲಾ, ದೊಡ್ಡ ಕತೆ ಮುಗಿಸಿ ಆಮೇಲಾ?

ಅಡಿಕೆಸೊಸೆ

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಗೇಮ್ ಆಡುತ್ತಾ ಬೆಳೆದವಳಲ್ಲ. ತಮ್ಮ ಕೆಲಸ ಸಿಕ್ಕಿ ಪುಣೆಗೆ ಹೋಗುವಾಗ ಅವನ ಪಿಎಸ್4 (ಟಿವಿಗೆ ಜೋಡಿಸಿ ಗೇಮ್ ಆಡುವ ಯಂತ್ರ) ನಮ್ಮ ಮನೆಯಲ್ಲಿ ಬಿಟ್ಟು ಹೋದ. ಜೊತೆಗೆ ವಿಚರ್ 3 ಗೇಮ್, ಅದರ ಎರಡೂ ಎಕ್ಸ್‌ಪ್ಯಾನ್ಶನ್ (ಆಮೇಲೆ ಬಂದ ಹೆಚ್ಚುವರಿ ಕತೆಗಳು) ಸೇರಿದ್ದು. "ಅಕ್ಕಾ, ಮೊದಲ ಹತ್ತು ಗಂಟೆ ತಾಳ್ಮೆ ಇಟ್ಕೋ" ಅಂದಿದ್ದ. ಈಗ ನೂರು ಗಂಟೆ ದಾಟಿದೆ. ತಾಳ್ಮೆ ಇಟ್ಟುಕೊಳ್ಳಬೇಕಾಗಿರುವುದು ಮನೆಯವರು.

ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ, ಅಡಿಕೆ ತೋಟ. ರಾತ್ರಿ ಒಂಬತ್ತೂವರೆಗೆ ಅತ್ತೆಯ ಧಾರಾವಾಹಿ ಮುಗಿದ ಮೇಲೆ ಹನ್ನೊಂದರವರೆಗೆ ಟಿವಿ ನನ್ನದು. ಮಳೆಗಾಲದಲ್ಲಿ ಕರೆಂಟ್ ಹೋದರೆ ಅದೂ ಇಲ್ಲ. ಎರಡು ಸಲ ಸೇವ್ ಮಾಡದೆ ಇಡೀ ರಾತ್ರಿಯ ಆಟ ನೀರಿಗೆ ಹೋಗಿದೆ. ಹಾಗಾಗಿ ನನಗೆ ಒಂದೊಂದು ಗಂಟೆಯೂ ಲೆಕ್ಕದ್ದು.

ಈಗ ವಿಷಯ. ನಾನು ಆಡಿಸುವ ನಾಯಕ, ರಾಕ್ಷಸ ಬೇಟೆಗಾರ ಗೆರಾಲ್ಟ್, ಈಗ ಲೆವೆಲ್ (ಬಲದ ಮಟ್ಟ) 28. ಶಾಪ ತಗುಲಿದ್ದ ಊಮಾನ ಗುಟ್ಟು ಬಿಚ್ಚಿ ಆಗಿದೆ. ಮುಂದಿನ ಕ್ವೆಸ್ಟ್ (ಕತೆಯಲ್ಲಿ ಮಾಡಬೇಕಾದ ಕೆಲಸ) ಐಲ್ ಆಫ್ ಮಿಸ್ಟ್ಸ್ ದ್ವೀಪ, ಅಲ್ಲಿಗೆ ಹೋದರೆ ಗೆರಾಲ್ಟ್‌ನ ಸಾಕುಮಗಳು ಸಿರಿ ಸಿಗಬೇಕು. ಅದಕ್ಕೆ ಹೇಳಿರುವ ಲೆವೆಲ್ 22. ನಾನು ಸುಮ್ನೆ ಮೇಲೆ ಹೋಗಿಬಿಟ್ಟಿದ್ದೇನೆ. ಸ್ಕೆಲಿಗೆಯ ಸಮುದ್ರದಲ್ಲಿ ತೇಲುವ ಪೀಪಾಯಿಗಳನ್ನೂ ಬಿಟ್ಟಿಲ್ಲ, ನಗಬೇಡಿ. ಜರ್ನಲ್‌ನಲ್ಲಿ ಇನ್ನೆರಡು ಕ್ವೆಸ್ಟ್ ಬಹಳ ದಿನದಿಂದ ಕೂತಿವೆ. ಹಾರ್ಟ್ಸ್ ಆಫ್ ಸ್ಟೋನ್ ಶುರುವಾಗುವ "ಈವಿಲ್ಸ್ ಫಸ್ಟ್ ಟಚ್", ಲೆವೆಲ್ 32. ಬ್ಲಡ್ ಆಂಡ್ ವೈನ್ ಶುರುವಾಗುವ "ಎನ್ವಾಯ್ಸ್, ವೈನ್‌ಬಾಯ್ಸ್", ಲೆವೆಲ್ 34.

ಒಂದು ಕಡೆ, ಮಗಳು ಕಾಣೆಯಾಗಿರುವಾಗ ಯಾವ ಅಪ್ಪ ದ್ರಾಕ್ಷಿ ತೋಟ ನೋಡಲು ಹೊರಡುತ್ತಾನೆ ಹೇಳಿ? ಇನ್ನೊಂದು ಕಡೆ, ನನಗೆ ನನ್ನ ಸ್ವಭಾವ ಗೊತ್ತು. ದೊಡ್ಡ ಕತೆ ಮುಗಿದ ಮೇಲೆ ಕೈ ಏಳುವುದಿಲ್ಲ. ಮದುವೆ ಮುಗಿದ ಮಾರನೇ ದಿನ ಖಾಲಿ ಚಪ್ಪರದಡಿ ಕೂತ ಹಾಗೆ ಆಗುತ್ತದೆ. ಏನು ಮಾಡಲಿ?

ತಮ್ಮನನ್ನು ಕೇಳಿದರೆ ಉತ್ತರದ ಜೊತೆ ಕೊನೆಯನ್ನೂ ಹೇಳಿಬಿಡುತ್ತಾನೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ದಯವಿಟ್ಟು ಯಾರು ಸಾಯುತ್ತಾರೆ ಅಂತ ಹೇಳಬೇಡಿ.

ಗ್ವೆಂಟ್‌ಹುಚ್ಚ

ಅಕ್ಕಾ, ಆ ಪೀಪಾಯಿಗಳನ್ನು ನಾನೂ ಬಿಟ್ಟಿಲ್ಲ. ಇಬ್ಬರೂ ಸೇರಿ ಅಳೋಣ.

ಉತ್ತರ ಸರಳ, ಮೊದಲು ದೊಡ್ಡ ಕತೆ ಮುಗಿಸಿ. ಗೇಮ್ ಬಿಡುಗಡೆಯಾದದ್ದು 2015ರ ಮೇ ತಿಂಗಳಲ್ಲಿ, ಹಾರ್ಟ್ಸ್ ಆಫ್ ಸ್ಟೋನ್ ಅದೇ ಅಕ್ಟೋಬರ್‌ನಲ್ಲಿ, ಬ್ಲಡ್ ಆಂಡ್ ವೈನ್ 2016ರ ಮೇ ಕೊನೆಗೆ. ಆವಾಗ ಆಡಿದವರೆಲ್ಲ ಇದೇ ಸಾಲಿನಲ್ಲಿ ಆಡಿದ್ದು. ಕತೆ ಮುಗಿದ ಮೇಲೂ ಗೆರಾಲ್ಟ್ ಅದೇ ಊರುಗಳಲ್ಲಿ ಓಡಾಡುತ್ತಿರುತ್ತಾನೆ, ಎಕ್ಸ್‌ಪ್ಯಾನ್ಶನ್‌ಗಳು ಮುಚ್ಚಿಹೋಗುವುದಿಲ್ಲ. 28ರಲ್ಲಿ ಹಾರ್ಟ್ಸ್ ಆಫ್ ಸ್ಟೋನ್‌ಗೆ ಹೋದರೆ ಮೊದಲ ದೊಡ್ಡ ಶತ್ರುವೇ (ಬಾಸ್) ನಿಮ್ಮನ್ನು ನುಂಗುತ್ತದೆ. ನುಂಗುತ್ತದೆ ಅಂದರೆ ಮಾತಿಗೆ ಹೇಳಿದ್ದಲ್ಲ. ಆಕ್ಸೆನ್‌ಫರ್ಟ್ ಊರಿನ ಚರಂಡಿಯಲ್ಲಿ ಎಮ್ಮೆಗಿಂತ ದೊಡ್ಡ ಕಪ್ಪೆ ಇದೆ.

ಡಬಲ್‌ಕಾಫಿ

ಗ್ವೆಂಟ್‌ಹುಚ್ಚರ ಮಾತು ಕೇಳಿ ಕೆಟ್ಟವನು ನಾನು. ಇವರೇ ಅಂತಲ್ಲ, ಇದೇ ಸಲಹೆ.

ಪಿಯು ಮುಗಿದ ರಜೆಯಲ್ಲಿ ದೊಡ್ಡ ಕತೆ ಮುಗಿಸಿದೆ. ಮನಸ್ಸು ತುಂಬಿತ್ತು. "ನಾಳೆ ಎಕ್ಸ್‌ಪ್ಯಾನ್ಶನ್" ಅಂದುಕೊಂಡೆ. ಆ ನಾಳೆ ಬಂದದ್ದು ಎರಡು ವರ್ಷ ಬಿಟ್ಟು. ಅಷ್ಟರಲ್ಲಿ ಯಾವ ಬಟನ್‌ಗೆ ಕ್ವೆನ್ (ರಕ್ಷಣೆಯ ಮಂತ್ರ), ಯಾವುದಕ್ಕೆ ಬಾಂಬ್ ಎಲ್ಲಾ ಮರೆತಿತ್ತು. ಹಳೇ ಸೇವ್ ಇದ್ದ ಕಂಪ್ಯೂಟರ್ ಕೆಟ್ಟಿತ್ತು. ಆಗ ಮೆನುವಿನಲ್ಲಿ ಬರೀ ಬ್ಲಡ್ ಆಂಡ್ ವೈನ್ ಶುರು ಮಾಡುವ ಆಯ್ಕೆ ಕಾಣಿಸಿತು. ಒತ್ತಿದರೆ ಲೆವೆಲ್ 34ರ ಸಿದ್ಧ ಗೆರಾಲ್ಟ್ ಬಂದು ನಿಂತ. ಅನುಕೂಲ ಹೌದು. ಆದರೆ ಅವನ ಮೈಮೇಲೆ ನಾನು ತಿಂಗಳಾನುಗಟ್ಟಲೆ ಹುಡುಕಿ ಮಾಡಿಸಿದ ಗ್ರಿಫಿನ್ ಕವಚ ಇರಲಿಲ್ಲ. ಬಾಡಿಗೆ ಮನೆಯಲ್ಲಿ ಹಬ್ಬ ಮಾಡಿದ ಹಾಗಿತ್ತು.

ನಿಮಗೆ ಕೈ ಏಳುವುದಿಲ್ಲ ಅಂತ ನಿಮಗೇ ಗೊತ್ತಿದ್ದರೆ ಒಂದನ್ನಾದರೂ ಮುಂಚೆ ಆಡಿಬಿಡಿ.

ಇಬ್ಬನಿ

ಅಡಿಕೆಸೊಸೆಯವರೇ, ಲೆವೆಲ್ ಸಂಖ್ಯೆ ನೋಡಿ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ "ಯಾವ ಅಪ್ಪ" ಪ್ರಶ್ನೆ ಇದೆಯಲ್ಲ, ಅದೇ ಸರಿಯಾದ ಅಳತೆ. ನಾನು ಈ ಗೇಮ್ ಮೂರು ಸಲ ಮುಗಿಸಿದ್ದೇನೆ, ಮೂರು ಸಲವೂ ಬೇರೆ ಬೇರೆ ಹೊತ್ತಿಗೆ ಎಕ್ಸ್‌ಪ್ಯಾನ್ಶನ್ ಆಡಿದ್ದೇನೆ. ಕೊನೇ ಸಲದ್ದು ಸರಿ ಹೋಯಿತು. ಅದನ್ನೇ ಹೇಳುತ್ತೇನೆ.

ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಹಾರ್ಟ್ಸ್ ಆಫ್ ಸ್ಟೋನ್ ಸುಮಾರು ಹತ್ತು ಗಂಟೆಯದು, ಬ್ಲಡ್ ಆಂಡ್ ವೈನ್ ಇಪ್ಪತ್ತು ಅಂತ ತಯಾರಿಸಿದವರೇ ಹೇಳಿದ್ದರು. ನಿಮ್ಮ ಹಾಗೆ ಮೂಲೆ ಮೂಲೆ ಕೆರೆಯುವವರಿಗೆ ಅದರ ಎರಡರಷ್ಟು ಅಂತ ಇಟ್ಟುಕೊಳ್ಳಿ. ಆದರೆ ವ್ಯತ್ಯಾಸ ಗಂಟೆಯದಲ್ಲ. ಹಾರ್ಟ್ಸ್ ಆಫ್ ಸ್ಟೋನ್ ನಡೆಯುವುದು ನೀವು ಈಗಾಗಲೇ ಓಡಾಡಿರುವ ವೆಲೆನ್, ನೊವಿಗ್ರಾಡ್ ಆಸುಪಾಸಿನಲ್ಲೇ. ಕೆಲಸ ಹುಡುಕುವ ಗೆರಾಲ್ಟ್‌ಗೆ ದಾರಿಯಲ್ಲಿ ಸಿಕ್ಕ ಇನ್ನೊಂದು ಕೆಲಸ, ಆಮೇಲೆ ಕೊರಳಿಗೆ ಸುತ್ತಿಕೊಳ್ಳುತ್ತದೆ, ಅಷ್ಟೇ. ದೆವ್ವದಂಥವನ ಹತ್ತಿರ ಬರೆದುಕೊಟ್ಟ ಕರಾರಿನ ಕತೆ. ಪೋಲೆಂಡಿನಲ್ಲಿ ಪಾನ್ ತ್ವಾರ್ದೋವ್ಸ್ಕಿ ಅಂತ ಒಬ್ಬ ಮಂತ್ರವಾದಿಯ ಹಳೇ ಜನಪದ ಕತೆ ಇದೆ. ಆತ್ಮವನ್ನು ಒತ್ತೆ ಇಟ್ಟು, ಷರತ್ತಿನ ಮಾತಿನಲ್ಲೇ ತಪ್ಪಿಸಿಕೊಳ್ಳಲು ನೋಡುವವನು. ಗೇಮ್ ಮಾಡಿದವರೂ ವಾರ್ಸಾದವರೇ, ಅಜ್ಜಿ ಕತೆ ಕೇಳಿ ಬೆಳೆದವರು ಇರಬೇಕು.

ಇನ್ನೊಂದು. ನೀವು ಗೇಮ್ ಶುರು ಮಾಡಿದಾಗ ವೈಟ್ ಆರ್ಚರ್ಡ್‌ನ ಹೋಟೆಲಿನಲ್ಲಿ ಒಬ್ಬ ಕನ್ನಡಿ ವ್ಯಾಪಾರಿ ಬಂದು ಮಾತಾಡಿಸಿದ್ದ, ಗೆರಾಲ್ಟ್‌ನ ಪ್ರೇಯಸಿ ಯೆನ್ನೆಫರ್ ಸುದ್ದಿ ಹೇಳಿದ್ದ, ನೆನಪಿದೆಯಾ? ಇಷ್ಟೇ ಹೇಳುತ್ತೇನೆ. ಅವನ ಮುಖ ಪೂರ್ತಿ ಮರೆಯುವ ಮುಂಚೆ ಈ ಎಕ್ಸ್‌ಪ್ಯಾನ್ಶನ್ ಆಡಿದರೆ ಒಳ್ಳೆಯದು.

ಬ್ಲಡ್ ಆಂಡ್ ವೈನ್ ಹಾಗಲ್ಲ. ಅದು ಬೇರೆ ಸೀಮೆ, ಟೂಸಾನ್. ಬಿಸಿಲು, ಬಣ್ಣ, ದ್ರಾಕ್ಷಿ. ಗೆರಾಲ್ಟ್‌ಗೆ ಕೊರ್ವೊ ಬಿಯಾಂಕೊ ಅಂತ ಸ್ವಂತ ತೋಟದ ಮನೆ ಸಿಗುತ್ತದೆ, ಬಾರ್ನಬಸ್-ಬೇಸಿಲ್ ಅಂತ ಒಬ್ಬ ಮೇಸ್ತ್ರಿ ಸಿಗುತ್ತಾನೆ. ಇಡೀ ಆಯುಷ್ಯ ಕುದುರೆ ಮೇಲೆ ಕಳೆದವನಿಗೆ ಹಾಸಿಗೆ ಅಂತ ಒಂದು ಸಿಕ್ಕ ಹಾಗೆ. ಮುಗಿಯುವಾಗ ಮನೆಗೆ ಒಬ್ಬರು ಬರುತ್ತಾರೆ. ಯಾರು ಬರುತ್ತಾರೆ ಅನ್ನುವುದು ದೊಡ್ಡ ಕತೆಯಲ್ಲಿ ನೀವು ಏನೇನು ಮಾಡಿದಿರಿ ಅನ್ನುವುದರ ಮೇಲೆ ನಿಂತಿದೆ. ನಾನು ಮೊದಲ ಸಲ ಗೆರಾಲ್ಟ್‌ನನ್ನು ಮೆಚ್ಚಿದ ಟ್ರಿಸ್‌ಗೂ ಹ್ಞೂಂ, ಯೆನ್ನೆಫರ್‌ಗೂ ಹ್ಞೂಂ ಅಂದು ಇಬ್ಬರ ಕೈಯಲ್ಲೂ ಉಗಿಸಿಕೊಂಡಿದ್ದೆ. ಆಮೇಲೆ ಮನೆಗೆ ಬಂದವರನ್ನು ನೋಡಿ ಕಣ್ಣು ಒದ್ದೆಯಾಯಿತು. ಹಾಗಾಗಿ ಇದನ್ನು ಮಧ್ಯದಲ್ಲಿ ಆಡಬಾರದು. ದಮ್ಮಯ್ಯ, ಆಡಬೇಡಿ.

ಈಗ ನೀವು ಹೇಳಿದ ಆ ಅಪ್ಪನ ವಿಷಯಕ್ಕೆ ಬರೋಣ. ಐಲ್ ಆಫ್ ಮಿಸ್ಟ್ಸ್‌ಗಿಂತ ಮುಂಚೆ ಎಕ್ಸ್‌ಪ್ಯಾನ್ಶನ್‌ಗೆ ಹೋಗಬೇಡಿ, ಅದು ಅವನ ಎದೆ ಹೊಡೆದುಕೊಳ್ಳುತ್ತಿರುವ ಹೊತ್ತು. ಹೋಗಿ ಸಿರಿಯನ್ನು ಕರೆದುಕೊಂಡು ಬನ್ನಿ. ಕೇರ್ ಮೋರ್ಹೆನ್ ಕೋಟೆಯ ಕಾಳಗ ಆಗಲಿ, ಬಾಲ್ಡ್ ಮೌಂಟನ್ ಕ್ವೆಸ್ಟ್ ಮುಗಿಯಲಿ. ಆಮೇಲೆ ಎಲ್ಲರೂ ನೊವಿಗ್ರಾಡ್ ಸೇರಿ ತಯಾರಿ ಮಾಡಿಕೊಳ್ಳುತ್ತಾರೆ. ಕೊನೆಯ ಯುದ್ಧಕ್ಕೆ ಹಡಗು ಹತ್ತುವ ಮುಂಚೆ ಒಂದು ಬಿಡುವು ಸಿಗುತ್ತದೆ. ಮಗಳು ಸಿಕ್ಕಿದ್ದಾಳೆ, ಊರಲ್ಲೇ ಇದ್ದಾಳೆ. ಆ ಹೊತ್ತಿಗೆ ನೀವು 30, 31 ಆಗಿರುತ್ತೀರಿ. ಹಾರ್ಟ್ಸ್ ಆಫ್ ಸ್ಟೋನ್ ಅಲ್ಲಿ ಆಡಿ. ಐಲ್‌ಗೆ ಹೊರಡುವ ಮುಂಚೆ ಟ್ರಿಸ್‌ಳ "ನೌ ಆರ್ ನೆವರ್" ಕ್ವೆಸ್ಟ್ ಉಳಿದಿದ್ದರೆ ಮುಗಿಸಿಕೊಳ್ಳಿ, ಅದು ಆಮೇಲೆ ಸಿಗುವುದಿಲ್ಲ. ಎಕ್ಸ್‌ಪ್ಯಾನ್ಶನ್‌ಗಳಿಗೆ ಆ ಗಡಿ ಇಲ್ಲ.

ಗ್ವೆಂಟ್‌ಹುಚ್ಚ

ಇಬ್ಬನಿ ಸರ್, ಒಪ್ಪಿದೆ ಅಂತಲೇ ಇಟ್ಟುಕೊಳ್ಳಿ. ಆದರೆ ಹಾರ್ಟ್ಸ್ ಆಫ್ ಸ್ಟೋನ್ ಮುಗಿಸಿ 36 ಆಗಿ ವಾಪಸ್ ಬಂದರೆ ಕೊನೆಯ ಯುದ್ಧ ಸಪ್ಪೆ ಆಗಲ್ವಾ? ಅಲ್ಲಿಯ ಕ್ವೆಸ್ಟ್‌ಗಳು 30ರ ಆಸುಪಾಸಿನವು.

ಇಬ್ಬನಿ

ಮೇಡಂ ಅನ್ನಿ, ಸರ್ ಅಲ್ಲ. ಸೆಟ್ಟಿಂಗ್‌ನಲ್ಲಿ ಎನಿಮಿ ಅಪ್‌ಸ್ಕೇಲಿಂಗ್ ಅಂತ ಇದೆ, ಆನ್ ಮಾಡಿದರೆ ಕೆಳಗಿನ ಲೆವೆಲ್‌ನ ಶತ್ರುಗಳು ನಿಮ್ಮ ಮಟ್ಟಕ್ಕೆ ಏರುತ್ತಾರೆ. ಇಲಿಗಳೂ ಏರುತ್ತವೆ, ಅದೊಂದು ಕರ್ಮ. ಬರೀ ಇಲಿ ಕಾಟ ಜಾಸ್ತಿ ಅನಿಸಿದರೆ ಯುದ್ಧದ ಹೊತ್ತಿಗೆ ಮಾತ್ರ ಆನ್ ಮಾಡಿಕೊಳ್ಳಿ.

ಡಬಲ್‌ಕಾಫಿ

ಇದನ್ನೇ ಎಲ್ಲಾ ಗೇಮ್‌ಗೂ ಹಚ್ಚಬೇಡಿ, ಮುಂದೆ ಓದುವವರಿಗೆ ಹೇಳುತ್ತಿದ್ದೇನೆ. ಸೈಬರ್‌ಪಂಕ್‌ನ ಫ್ಯಾಂಟಮ್ ಲಿಬರ್ಟಿಯನ್ನು ಕೊನೆಗೆ ಮುಂಚೆಯೇ ಆಡಬೇಕು, ಅದು ದೊಡ್ಡ ಕತೆಗೇ ಹೊಸದೊಂದು ಕೊನೆ ಸೇರಿಸುತ್ತದೆ. ಮಾಸ್ ಎಫೆಕ್ಟ್ 3ರ ಸಿಟಡೆಲ್ ಕೂಡ ಹಾಗೇ, ಅಲ್ಲಿ ಕೊನೆ ಆದಮೇಲೆ "ಆಮೇಲೆ" ಅನ್ನುವುದೇ ಇಲ್ಲ. ಎಲ್ಡನ್ ರಿಂಗ್‌ನದಂತೂ ಕೇಳಬೇಡಿ. ರಾಡಾನ್, ಮೋಗ್ ಇಬ್ಬರನ್ನೂ ಹೊಡೆದು ಬಂದರೇ ಬಾಗಿಲು ತೆಗೆಯುವುದು.

ಅಡಿಕೆಸೊಸೆ

ಇಬ್ಬನಿ ಮೇಡಂ, ತುಂಬಾ ಉಪಕಾರ ಆಯಿತು. "ನೌ ಆರ್ ನೆವರ್" ಮುಗಿದಿದೆ. ಮೇಸ್ತ್ರಿ ಸಿಗುತ್ತಾನೆ ಅಂದಿರಲ್ಲ, ಸಂಬಳ ಸಾಲದು ಅಂತ ರಗಳೆ ಮಾಡದ ಮೇಸ್ತ್ರಿಯಾ? ಹಾಗಾದರೆ ಅದಕ್ಕಾದರೂ ಟೂಸಾನ್‌ವರೆಗೆ ಹೋಗುತ್ತೇನೆ.

ಒಂದು ಪ್ರಶ್ನೆ. ನಾನು ಆಡುತ್ತಿರುವುದು ಬ್ಲಡ್ ಆಂಡ್ ಬ್ರೋಕನ್ ಬೋನ್ಸ್ ಅನ್ನುವ ಕಷ್ಟದ ಮಟ್ಟದಲ್ಲಿ. ಆ ಕಪ್ಪೆಗೆ ಏನಾದರೂ ಉಪಾಯ ಇದೆಯಾ?

ಗ್ವೆಂಟ್‌ಹುಚ್ಚ

ಗೋಲ್ಡನ್ ಓರಿಯೋಲ್ ಮದ್ದು ಕುಡಿದು ಹೋಗಿ, ಅದರ ವಿಷ ನಾಟುವುದಿಲ್ಲ. ಕತ್ತಿಗೆ ಕರ್ಸ್ಡ್ ಆಯಿಲ್. ಕ್ವೆನ್ ಸದಾ ಇರಲಿ. ಎದುರಿಗೆ ನಿಲ್ಲಬೇಡಿ, ನಾಲಿಗೆ ಚಾಚುತ್ತದೆ. ಅದು ಹಾರಿದಾಗ ನೀವೂ ಉರುಳಿ ದೂರ ಹೋಗಿ. ಹಣ ಕೂಡಿಸಿದ್ದರೆ ಖರ್ಚು ಮಾಡಬೇಡಿ, ಆ ಕಡೆ ಒಬ್ಬ ರೂನ್‌ರೈಟ್ (ಆಯುಧ, ಕವಚಕ್ಕೆ ಮಂತ್ರಾಕ್ಷರ ಕೆತ್ತುವವನು) ಸಿಗುತ್ತಾನೆ. ಅಂಗಡಿ ಪೂರ್ತಿ ಸಜ್ಜು ಮಾಡಿಕೊಡಲು 5,000, 10,000, 15,000 ಅಂತ ಮೂರು ಸಲ ಕೇಳುತ್ತಾನೆ. ಒಟ್ಟು 30,000 ಕ್ರೌನ್.

ಅಡಿಕೆಸೊಸೆ

ಒಂದು ತಿಂಗಳ ಮೇಲೆ ಬರೆಯುತ್ತಿದ್ದೇನೆ.

ಇಬ್ಬನಿ ಮೇಡಂ ಹೇಳಿದ ಹಾಗೇ ಮಾಡಿದೆ. ಐಲ್‌ನಲ್ಲಿ ಸಿರಿ ಸಿಕ್ಕ ರಾತ್ರಿ ಗೇಮ್ ಆಫ್ ಮಾಡಿ ಸುಮ್ನೆ ಕೂತಿದ್ದೆ, ಅದರ ಬಗ್ಗೆ ಏನೂ ಬರೆಯಲ್ಲ. ಕಾಳಗ ಆಯಿತು. ಅಲ್ಲಿ ಆದದ್ದನ್ನು ಯಾರೂ ನನಗೆ ಮುಂಚೆ ಹೇಳದೆ ಇದ್ದದ್ದಕ್ಕೆ ಥ್ಯಾಂಕ್ಸ್. ಬಾಲ್ಡ್ ಮೌಂಟನ್ ಮುಗಿಸಿ 31ಕ್ಕೆ ಹಾರ್ಟ್ಸ್ ಆಫ್ ಸ್ಟೋನ್ ಶುರು ಮಾಡಿದೆ.

ಕಪ್ಪೆ ಒಂಬತ್ತು ಸಲ ಕೊಂದಿತು. ಅದರಲ್ಲಿ ಒಂದು ಸಲ ನಾನೇ ಗೆಲ್ಲುತ್ತಿದ್ದೆ, ಕರೆಂಟ್ ಹೋಯಿತು. ಗೋಲ್ಡನ್ ಓರಿಯೋಲ್ ಮಾಡಿಟ್ಟುಕೊಂಡಿದ್ದೆ, ಕುಡಿಯಲು ಮರೆಯುತ್ತಿದ್ದೆ. ಹತ್ತನೇ ಸಲಕ್ಕೆ ಅಡಿಕೆ ಚೀಲಕ್ಕೆ ಬರೆಯುವ ಮಾರ್ಕರ್‌ನಲ್ಲಿ ಕೈ ಮೇಲೆ "ಮದ್ದು" ಅಂತ ಬರೆದುಕೊಂಡು ಕೂತೆ. ಆಗ ಸತ್ತಿತು.

ನಿನ್ನೆ ಗೇಮ್‌ನಲ್ಲಿ ವೈದ್ಯೆ ಶಾನಿ ಜೊತೆ ಮದುವೆ ಮನೆಗೆ ಹೋಗಿದ್ದೆ. ಧಾರಾವಾಹಿ ಮುಗಿದರೂ ಅತ್ತೆ ಏಳಲಿಲ್ಲ, ಎಲೆ ಅಡಿಕೆ ಹಾಕಿಕೊಂಡು ಅಲ್ಲೇ ಕೂತರು. ಗೆರಾಲ್ಟ್ ಮೈಮೇಲೆ ಒಬ್ಬ ಸತ್ತವನ ಆತ್ಮ ಬಂದು ಕುಣಿದದ್ದು ನೋಡಿ, "ಇವನಿಗೆ ಏನಾಯ್ತೇ, ದಿನಾ ಮೂತಿ ಗಂಟು ಹಾಕ್ಕೊಂಡಿರ್ತಿದ್ದ" ಅಂದರು. ಮೈಮೇಲೆ ಬಂದಿದೆ ಅತ್ತೆ ಅಂದೆ. ಅದನ್ನು ಮಾತ್ರ ಬಿಡಿಸಿ ಹೇಳಬೇಕಾಗಲಿಲ್ಲ. ನಾನು ಹಂದಿಗಳನ್ನು ದೊಡ್ಡಿಗೆ ಅಟ್ಟುವಾಗ "ಆ ಕಡೆಯಿಂದ ಬಾ, ಆ ಕಡೆಯಿಂದ" ಅಂತ ಕೂಗಿದರು. ಹನ್ನೊಂದೂವರೆ ಆಗಿತ್ತು. ಮಲಗಲು ಹೋಗುವಾಗ ಬಾಗಿಲ ಹತ್ತಿರ ನಿಂತು ಕೇಳಿದರು, "ಅಲ್ಲಾ, ಅಷ್ಟು ಜನ ಸೇರಿದ್ರಲ್ಲ, ಊಟಕ್ಕೆ ಎಲೆ ಹಾಕಿದ್ದೇ ಕಾಣ್ಲಿಲ್ವಲ್ಲೇ?"