ಕಾರ್ ಲೋನ್‌ಗೆ ಮೊದಲು ಹಳೇ ಕ್ರೆಡಿಟ್ ಕಾರ್ಡ್ ಬಾಕಿ: ಸೆಟಲ್ಮೆಂಟ್ ಮಾಡಿಕೊಳ್ಳಲಾ, ಪೂರ್ತಿ ಕಟ್ಟಲಾ?

ಪ್ರಶ್ನೆ: ತಿಪಟೂರಿನವಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾನು ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಸಂಬಳ 24,000. ಮೊದಲು ಬೆಂಗಳೂರಿನ ಪೀಣ್ಯದಲ್ಲಿ ಕೆಲಸ ಮಾಡುತ್ತಿದ್ದೆ. 2019ರಲ್ಲಿ ಅಲ್ಲಿದ್ದಾಗ ಒಂದು ಖಾಸಗಿ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ತೆಗೆದುಕೊಂಡೆ. ಲಿಮಿಟ್ 60,000. 2020ರ ಲಾಕ್‌ಡೌನ್‌ನಲ್ಲಿ ಕೆಲಸ ಹೋಯಿತು. ಆಗಸ್ಟ್ ತನಕ ಕಟ್ಟದಿದ್ದರೂ ನಡೆಯುತ್ತದೆ ಅಂದಿದ್ದರು. ಆದರೆ ಬಡ್ಡಿ ಓಡುತ್ತಲೇ ಇತ್ತು ಅಂತ ಆಮೇಲೆ ಗೊತ್ತಾಯಿತು. ಊರಿಗೆ ಬಂದೆ, ಸಿಮ್ ಬದಲಾಯಿಸಿದೆ. ಕಾರ್ಡ್ ಮರೆತೇ ಹೋಗಿತ್ತು ಅಂದರೆ ಸುಳ್ಳಾಗುತ್ತದೆ. ನೆನಪಿತ್ತು. ಕೈಯಲ್ಲಿ ದುಡ್ಡಿರಲಿಲ್ಲ.

ಈಗ ಅಮ್ಮನಿಗೆ ಎರಡೂ ಮೊಣಕಾಲಿನ ಆಪರೇಷನ್ ಆಗಿದೆ. ವಾರಕ್ಕೆ ಎರಡು ಸಲ ಫಿಸಿಯೋಥೆರಪಿಗೆ ತುಮಕೂರಿಗೆ ಹೋಗಬೇಕು. ಬಸ್ಸಿನ ಮೊದಲ ಮೆಟ್ಟಿಲು ಅಮ್ಮನಿಗೆ ಹತ್ತಲು ಆಗುವುದಿಲ್ಲ. ಕಂಡಕ್ಟರ್ ಒಂದು ಕಡೆ, ನಾನು ಒಂದು ಕಡೆ ಹಿಡಿದು ಎತ್ತುತ್ತೇವೆ. ಹಿಂದೆ ಜನ ನಿಂತಿರುತ್ತಾರೆ ಅಂತ ಅಮ್ಮ ಹಲ್ಲು ಕಚ್ಚಿಕೊಂಡು ಹತ್ತುತ್ತಾಳೆ.

ಒಂದು ಸೆಕೆಂಡ್ ಹ್ಯಾಂಡ್ ವ್ಯಾಗನ್ ಆರ್ ನೋಡಿದ್ದೇನೆ. 3,60,000 ಹೇಳುತ್ತಿದ್ದಾರೆ. ಕೈಯಿಂದ 1,00,000 ಹಾಕಿ ಉಳಿದದ್ದಕ್ಕೆ ಲೋನ್ ಕೇಳಿದೆ. ಬ್ಯಾಂಕಿನವರು ಸಿಬಿಲ್ (ಹಳೇ ಸಾಲ ಹೇಗೆ ಕಟ್ಟಿದ್ದೇವೆ ಅನ್ನುವ ದಾಖಲೆ) ನೋಡಿ, ‘ಸ್ಕೋರ್ 594 ಇದೆ ಮೇಡಂ, ಒಂದು ಕಾರ್ಡ್ ರಿಟನ್ ಆಫ್ ಅಂತ ತೋರಿಸ್ತಿದೆ, ಆಗಲ್ಲ’ ಅಂದರು.

ಅದಾಗಿ ಹದಿನೈದು ದಿನಕ್ಕೆ ವಸೂಲಿಯವರ ಫೋನ್ ಶುರುವಾಯಿತು. ಬಾಕಿ 1,84,300 ಆಗಿದೆಯಂತೆ. ಈ ತಿಂಗಳ ಕೊನೆಯೊಳಗೆ 38,000 ಕಟ್ಟಿದರೆ ಸೆಟಲ್ಮೆಂಟ್ ಅಂತೆ. ಒಂದು ಮೊಬೈಲ್ ನಂಬರ್ ಕೊಟ್ಟು ಅದಕ್ಕೆ ದುಡ್ಡು ಹಾಕಿ ಅನ್ನುತ್ತಾನೆ. ಇಲ್ಲದಿದ್ದರೆ ಮನೆಗೆ ಪೊಲೀಸರು ಬರುತ್ತಾರಂತೆ. ನಿನ್ನೆ ಬೆಳಿಗ್ಗೆ ಏಳೂಕಾಲಿಗೆ ಮಾಡಿದ. ಮೊನ್ನೆ ನಮ್ಮ ಮಂಡಿ ಸಾಹುಕಾರರಿಗೇ ಮಾಡಿದ. ಅವರು ಒಳ್ಳೆಯವರು, ಏನೂ ಕೇಳಲಿಲ್ಲ. ನನಗೆ ಮಾತ್ರ ಅವತ್ತು ತಲೆ ಎತ್ತಲು ಆಗಲಿಲ್ಲ.

38,000 ಕಟ್ಟಿ ಮುಗಿಸಿಬಿಡಲಾ? ಕಟ್ಟಿದರೆ ಲೋನ್ ಸಿಗುತ್ತದಾ? ತಿಂಗಳು ಮುಗಿಯಲು ಒಂಬತ್ತು ದಿನ ಇದೆ.

ಉತ್ತರ 1: ಅರಸೀಕೆರೆ ಜಂಕ್ಷನ್

ಅಕ್ಕ, ಮೊದಲು ಒಂದು ಮಾತು. ಆ ನಂಬರ್‌ಗೆ ಒಂದು ರೂಪಾಯಿನೂ ಹಾಕಬೇಡಿ. ಬ್ಯಾಂಕಿನ ದುಡ್ಡು ಬ್ಯಾಂಕಿನ ಖಾತೆಗೇ ಹೋಗಬೇಕು, ನಿಮ್ಮ ಕಾರ್ಡ್ ನಂಬರ್ ಮೇಲೇ ಜಮಾ ಆಗಬೇಕು.

ಪೊಲೀಸ್ ಅನ್ನೋದು ಸುಮ್ನೆ ಹೆದರಿಸೋದು. ಕಾರ್ಡ್ ಬಾಕಿ ಸಿವಿಲ್ ವಿಷಯ. ಚೆಕ್ ಕೊಟ್ಟು ಅದು ಬೌನ್ಸ್ ಆಗಿದ್ದರೆ ಆ ಮಾತು ಬೇರೆ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ವಸೂಲಿಗೆ ಫೋನ್ ಮಾಡುವ ಹಾಗಿಲ್ಲ ಅಂತ ಆರ್‌ಬಿಐ 2022ರ ಆಗಸ್ಟ್‌ನಲ್ಲೇ ಆದೇಶ ಮಾಡಿದೆ. ಸಾಹುಕಾರರಿಗೆ ಫೋನ್ ಮಾಡಿ ಮಾನ ಕಳೆಯೋದೂ ತಪ್ಪು. ದಿನಾಂಕ, ಸಮಯ, ನಂಬರ್, ಅವನು ಆಡಿದ ಮಾತು ಎಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಕಾಲ್ ಲಾಗ್ ಸ್ಕ್ರೀನ್‌ಶಾಟ್ ತೆಗೆದಿಡಿ.

ಉತ್ತರ 2: ದಾವಣಗೆರೆ ಮೊಬೈಲ್ ಅಂಗಡಿ

ಮೇಡಂ, ನಿಮ್ಮ ಪ್ರಶ್ನೆ ಓದಿ ಅಂಗಡಿ ಶಟರ್ ಅರ್ಧ ಎಳೆದು ಬರೆಯಲು ಕೂತೆ. ನೀವು ಈಗ ಮಾಡಲು ಹೊರಟಿರುವ ತಪ್ಪನ್ನೇ ನಾನು 2022ರಲ್ಲಿ ಮಾಡಿದೆ.

ಅಂಗಡಿಗೆ ಅಂತ ತೆಗೆದ ಪರ್ಸನಲ್ ಲೋನ್. 71,000 ಬಾಕಿ ಉಳಿದಿತ್ತು. ಏಜೆಂಟ್ 30,000ಕ್ಕೆ ಮುಗಿಸೋಣ ಅಂದ. ನನಗೆ ಖುಷಿಯೋ ಖುಷಿ. 41,000 ಉಳಿಯಿತು ಅಂತ ಮನೆಗೆ ಸ್ವೀಟ್ ತೆಗೆದುಕೊಂಡು ಹೋದೆ. ಬ್ಯಾಂಕಿನ ಪತ್ರವೂ ಬಂತು, ದುಡ್ಡು ಬ್ಯಾಂಕಿಗೇ ಹೋಯಿತು, ಎಲ್ಲ ಸರಿಯಾಗಿಯೇ ಇತ್ತು. ಮರುವರ್ಷ ಕಾರ್ ಲೋನ್‌ಗೆ ಹೋದಾಗ ಮ್ಯಾನೇಜರ್ ಕಂಪ್ಯೂಟರ್ ಪರದೆ ನನ್ನ ಕಡೆ ತಿರುಗಿಸಿ ಒಂದು ಪದದ ಮೇಲೆ ಪೆನ್ನಿಟ್ಟರು. ‘ಸೆಟಲ್ಡ್.’ ಅಂದರೆ ಈತ ಪೂರ್ತಿ ಕಟ್ಟಿಲ್ಲ, ಬ್ಯಾಂಕ್ ನಷ್ಟ ಮಾಡಿಕೊಂಡು ಬಿಟ್ಟಿದೆ ಅಂತ. ಸಾಲ ಕೊಡುವವರು ನೋಡುವುದು ಅದನ್ನೇ. ‘ಕ್ಲೋಸ್ಡ್’ ಅಂತ ಬರಬೇಕಾದರೆ ಬಾಕಿ ಪೂರ್ತಿ ತೀರಿರಬೇಕು. ಕೊನೆಗೆ ನಾನು ಅದೇ ಬ್ಯಾಂಕಿಗೆ ಹೋಗಿ ಬಿಟ್ಟಿದ್ದ 41,000 ಕಟ್ಟಿ ಕ್ಲೋಸ್ಡ್ ಮಾಡಿಸಿಕೊಂಡೆ. ನಡುವೆ ಒಂದೂವರೆ ವರ್ಷ ಹೋಗಿತ್ತು.

ಹಾಗಾಗಿ ನಿಮಗೆ ಕಾರ್ ಲೋನ್ ಬೇಕು ಅಂದರೆ ‘ಎಷ್ಟಕ್ಕೆ ಬಿಡ್ತೀರಿ’ ಅಂತ ಕೇಳಬೇಡಿ. ‘ಎಷ್ಟು ಕಟ್ಟಿದರೆ ಕ್ಲೋಸ್ಡ್ ಅಂತ ಕಳಿಸ್ತೀರಿ’ ಅಂತ ಕೇಳಿ.

ಅದಕ್ಕೆ ಮೊದಲು ಸಿಬಿಲ್ ರಿಪೋರ್ಟ್ ಪೂರ್ತಿ ತೆಗೆಯಿರಿ. ಬರೀ ಸ್ಕೋರ್ ಸಾಲದು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಅಂತ ಸಾಲದ ದಾಖಲೆ ಇಡುವ ನಾಲ್ಕು ಕಂಪನಿ ಇವೆ, ನಾಲ್ಕೂ ಕಡೆ ವರ್ಷಕ್ಕೆ ಒಂದು ಪೂರ್ತಿ ರಿಪೋರ್ಟ್ ಫ್ರೀ ಕೊಡಲೇಬೇಕು. ಅದರಲ್ಲಿ ಆ ಕಾರ್ಡ್‌ನ ಕೆಳಗೆ ಎರಡು ಸಾಲು ಹುಡುಕಿ. ಒಂದು, ರಿಟನ್ ಆಫ್ ಆದ ಒಟ್ಟು ಮೊತ್ತ. ಇನ್ನೊಂದು, ಅದರಲ್ಲಿ ಅಸಲು ಎಷ್ಟು. ಏಜೆಂಟ್ ಹೇಳಿದ ಲೆಕ್ಕ ಮತ್ತು ಅಲ್ಲಿರುವ ಲೆಕ್ಕ ಎರಡೂ ಒಂದೇ ಇರುವುದು ಅಪರೂಪ.

ಆಮೇಲೆ ಏಜೆಂಟ್ ಜೊತೆ ಮಾತು ನಿಲ್ಲಿಸಿ. ನಾನು ಕಟ್ಟುವವನೇ, ಆದರೆ ಬ್ಯಾಂಕಿನ ಜೊತೆ ಬರಹದಲ್ಲೇ ಮಾತಾಡ್ತೀನಿ ಅಂತ ಒಂದು ಸಲ ಹೇಳಿ ಫೋನ್ ಇಟ್ಟುಬಿಡಿ. ನಾನು ಹಾಗೆ ಹೇಳಿದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಹಿಂದೆ ಹತ್ತಿಪ್ಪತ್ತು ಹುಡುಗರು ಬೇರೆ ಬೇರೆ ಫೋನ್‌ಗಳಲ್ಲಿ ಅದೇ ಮಾತು ಆಡುತ್ತಿರುವುದು ಕೇಳುತ್ತಿತ್ತು. ಅವತ್ತು ತಾರೀಖು 28. ಅವರಿಗೂ ತಿಂಗಳ ಕೊನೆಗೆ ಟಾರ್ಗೆಟ್ ಇರುತ್ತದೆ ಅಂತ ಆಗ ಹೊಳೆಯಿತು. ಆ ಗಡುವು ಅವರದ್ದು, ನಮ್ಮದಲ್ಲ. ಮುಂದಿನ ತಿಂಗಳೂ ಅದೇ ಆಫರ್ ಬಂತು.

ಬ್ಯಾಂಕಿನ ಕುಂದುಕೊರತೆ ವಿಭಾಗಕ್ಕೆ ಇಮೇಲ್ ಮಾಡಿ. ನಾಲ್ಕು ಸಾಲು ಸಾಕು. ಕೆಲಸ ಹೋದದ್ದು ಯಾವಾಗ, ಈಗ ಎಷ್ಟು ಕಟ್ಟಬಲ್ಲಿರಿ, ಲೇಟ್ ಫೀ ಮತ್ತು ಬಡ್ಡಿ ಬಿಡಿ ಅನ್ನುವ ಮನವಿ, ಕಟ್ಟಿದ ಮೇಲೆ ಸಿಬಿಲ್‌ಗೆ ಏನಂತ ಕಳಿಸುತ್ತೀರಿ ಅನ್ನುವ ಪ್ರಶ್ನೆ. ಈ ಕೊನೆಯ ಪ್ರಶ್ನೆಗೆ ಉತ್ತರ ಬರಹದಲ್ಲಿ ಬರುವ ತನಕ ಪರ್ಸ್ ಬಿಚ್ಚಬೇಡಿ.

ಅಮ್ಮನಿಗೆ ಬೇಗ ವಾಸಿಯಾಗಲಿ.

ತಿಪಟೂರಿನವಳು

ಅಣ್ಣ, ತುಂಬಾ ಥ್ಯಾಂಕ್ಸ್. ರಾತ್ರಿಯೇ ರಿಪೋರ್ಟ್ ತೆಗೆದೆ. ರಿಟನ್ ಆಫ್ ಒಟ್ಟು 96,480. ಅಸಲು 52,716. ಅವನು ಹೇಳಿದ 1,84,300 ಎಲ್ಲೂ ಇಲ್ಲ. ದಿನವಿಡೀ ಬೇರೆಯವರ ಲೆಕ್ಕ ಬರೆಯುವವಳು ನಾನು. ಐದು ವರ್ಷ ನನ್ನ ಲೆಕ್ಕವನ್ನೇ ತೆಗೆದು ನೋಡಿರಲಿಲ್ಲ. ಬೆಳಿಗ್ಗೆ ಇಮೇಲ್ ಕಳಿಸಿದ್ದೇನೆ. ಏಳೂಕಾಲಿನ ಫೋನ್ ವಿಷಯವನ್ನೂ ಸೇರಿಸಿದೆ.

ಇನ್ನೊಂದು ಸಂಶಯ. ರಿಟನ್ ಆಫ್ ಅಂದರೆ ಬ್ಯಾಂಕ್ ಮನ್ನಾ ಮಾಡಿದೆ ಅಂತ ಅರ್ಥ ಅಲ್ವಾ? ಹಾಗಿದ್ದರೆ ಫೋನ್ ಯಾಕೆ ಬರುತ್ತದೆ?

ಉತ್ತರ 3: ಮೈಸೂರು, ನಿವೃತ್ತ ಬ್ಯಾಂಕ್ ನೌಕರ

ಅಲ್ಲಮ್ಮ, ಮನ್ನಾ ಅಲ್ಲ. ಬ್ಯಾಂಕ್ ತನ್ನ ಪುಸ್ತಕದಲ್ಲಿ ಈ ದುಡ್ಡು ಬರುವುದು ಕಷ್ಟ ಅಂತ ಬೇರೆ ಕಡೆಗೆ ತೆಗೆದಿಟ್ಟಿದೆ, ಅಷ್ಟೇ. ಕೇಳುವ ಹಕ್ಕು ಹಾಗೇ ಇರುತ್ತದೆ. ಕೆಲವು ಸಲ ಬೇರೆ ಕಂಪನಿಗೆ ಆ ಸಾಲವನ್ನೇ ಮಾರಿರುತ್ತಾರೆ. ಆದ್ದರಿಂದ ನಿಮ್ಮ ಖಾತೆ ಈಗ ಯಾರ ಹತ್ತಿರ ಇದೆ ಅಂತ ಮೊದಲು ಬ್ಯಾಂಕಿನಿಂದ ತಿಳಿದುಕೊಳ್ಳಿ. ಮನೆಗೆ ಯಾರಾದರೂ ಬಂದರೆ ಗುರುತಿನ ಚೀಟಿ ಮತ್ತು ಬ್ಯಾಂಕ್ ಕೊಟ್ಟ ಅಧಿಕಾರ ಪತ್ರ ಕೇಳಿ. ಎರಡೂ ಇಲ್ಲದಿದ್ದರೆ ಬಾಗಿಲಲ್ಲೇ ಮಾತು ಮುಗಿಸಿ.

31 ವರ್ಷ ಬ್ಯಾಂಕಿನಲ್ಲಿದ್ದವನು, ಹೆಚ್ಚಿನ ಕಾಲ ಸಾಲದ ಮೇಜಿನಲ್ಲೇ. ದಾವಣಗೆರೆಯವರು ಹೇಳಿದ್ದು ಸರಿ. ಒಂದೆರಡು ಸೇರಿಸುತ್ತೇನೆ.

ಕ್ಲೋಸ್ಡ್ ಆದ ಕೂಡಲೇ ಹಳೆಯದು ಅಳಿಸಿ ಹೋಗುವುದಿಲ್ಲ. ರಿಟನ್ ಆಫ್ ಆದ ಮೇಲೆ ಕಟ್ಟಿದ್ದಾರೆ ಅಂತ ಕಾಣುತ್ತದೆ. ರಿಪೋರ್ಟ್‌ನಲ್ಲಿ 36 ತಿಂಗಳ ಕಂತಿನ ಚರಿತ್ರೆ ಕಾಣುತ್ತದೆ. ಆದರೆ ನನ್ನ ಮೇಜಿಗೆ ಬಂದವರಲ್ಲಿ, ತಡವಾಗಿಯಾದರೂ ಪೂರ್ತಿ ಕಟ್ಟಿದವರ ಅರ್ಜಿಯನ್ನು ನಾನು ಬೇರೆ ಕಣ್ಣಿನಿಂದ ನೋಡುತ್ತಿದ್ದೆ. ಕಾಗದ ಇದ್ದರೆ ಮೇಲಿನವರಿಗೆ ಎರಡು ಸಾಲು ಬರೆದು ಕಳಿಸಲು ನನಗೂ ಧೈರ್ಯ ಬರುತ್ತಿತ್ತು.

ಸೆಟಲ್ಮೆಂಟ್ ಮಾಡಿಕೊಂಡರೆ ಅದೇ ಬ್ಯಾಂಕ್ ಕನಿಷ್ಠ 12 ತಿಂಗಳು ನಿಮಗೆ ಹೊಸ ಸಾಲ ಕೊಡುವ ಹಾಗಿಲ್ಲ. 2023ರ ಜೂನ್‌ನ ಆರ್‌ಬಿಐ ನಿಯಮ ಅದು. ಬೇರೆ ಬ್ಯಾಂಕಿಗೆ ಆ ನಿಯಮ ಇಲ್ಲ, ಆದರೆ ಅವರೂ ಸೆಟಲ್ಡ್ ಅನ್ನುವ ಪದ ನೋಡುತ್ತಾರೆ.

ಕೋರ್ಟಿನ ವಿಷಯ. ಇಂಥ ಬಾಕಿಗೆ ದಾವೆ ಹಾಕಲು ಸಾಮಾನ್ಯವಾಗಿ ಮೂರು ವರ್ಷದ ಗಡುವು. ಅದು ಮುಗಿಯುವ ಮುನ್ನ ಸ್ವಲ್ಪ ದುಡ್ಡು ಕಟ್ಟಿದರೆ, ಬಾಕಿ ಇದೆ ಅಂತ ಬರೆದುಕೊಟ್ಟರೆ, ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಮುಗಿದ ಮೇಲೂ ಕಟ್ಟುತ್ತೇನೆ ಅಂತ ಸಹಿ ಮಾಡಿಕೊಟ್ಟರೆ ಅದು ಹೊಸ ಮಾತಾಗಿ ನಿಲ್ಲುತ್ತದೆ. ಅದಕ್ಕೇ ‘500 ರೂಪಾಯಿ ಟೋಕನ್ ಹಾಕಿ’ ಅನ್ನುವವರ ಮಾತು ಕೇಳಬಾರದು. ನೀವು ಕಟ್ಟುವ ಮನಸ್ಸಿನವರು, ಒಳ್ಳೆಯದು. ಕಟ್ಟುವುದಾದರೆ ಒಪ್ಪಂದದ ಪತ್ರ ಬಂದ ಮೇಲೆ ಕಟ್ಟಿ. ಗಡುವು ಮುಗಿದಿದ್ದರೂ ರಿಪೋರ್ಟ್‌ನಲ್ಲಿ ಬಾಕಿ ಕಾಣುತ್ತಲೇ ಇರುತ್ತದೆ, ಕಾರ್ ಲೋನ್‌ಗೆ ಅದೇ ಅಡ್ಡ.

ಬ್ಯಾಂಕ್ 30 ದಿನ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಸರಿಯಿಲ್ಲದಿದ್ದರೆ, ಆರ್‌ಬಿಐನ ಓಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ಕೇಳುವ ಅಧಿಕಾರಿ) ಆನ್‌ಲೈನ್‌ನಲ್ಲೇ ದೂರು ಕೊಡಬಹುದು. ಖರ್ಚಿಲ್ಲ, ವಕೀಲರೂ ಬೇಡ.

ಮತ್ತೆ, ಅಲ್ಲಿಯ ತನಕ ನಾಲ್ಕಾರು ಶೋರೂಂ ಸುತ್ತಿ ಲೋನ್ ಅರ್ಜಿ ಹಾಕಬೇಡಿ ತಾಯಿ. ಪ್ರತಿ ಅರ್ಜಿಗೂ ಅವರು ರಿಪೋರ್ಟ್ ತೆಗೆಸುತ್ತಾರೆ, ಸ್ಕೋರ್ ಇನ್ನೂ ಇಳಿಯುತ್ತದೆ. ನೀವೇ ನೋಡಿಕೊಂಡರೆ ಇಳಿಯುವುದಿಲ್ಲ. ಸ್ಕೋರ್ ಮತ್ತೆ ಏರಬೇಕಲ್ಲ, ಅದಕ್ಕೆ ಕೈಲಾದರೆ 15,000 ಎಫ್‌ಡಿ ಇಟ್ಟು ಅದರ ಮೇಲೆ ಒಂದು ಕಾರ್ಡ್ ತೆಗೆದುಕೊಳ್ಳಿ. ತಿಂಗಳಿಗೆ ಅಮ್ಮನ ಔಷಧಿ ಮಾತ್ರ ಅದರಲ್ಲಿ ತನ್ನಿ, ಬಿಲ್ ಬಂದ ದಿನವೇ ಪೂರ್ತಿ ಕಟ್ಟಿ.

ತಿಪಟೂರಿನವಳು (ಏಳು ವಾರದ ನಂತರ)

ಎಲ್ಲರಿಗೂ ತಿಳಿಸಬೇಕು ಅಂತ ಬಂದೆ.

ಮೊದಲ ಇಮೇಲ್‌ಗೆ ಹನ್ನೊಂದನೇ ದಿನ ಉತ್ತರ ಬಂತು. 52,716 ಕಟ್ಟಿದರೆ ಸೆಟಲ್ಡ್, 96,480 ಕಟ್ಟಿದರೆ ಕ್ಲೋಸ್ಡ್ ಅಂತ ಎರಡೂ ಬರೆದಿದ್ದರು. ಏಜೆಂಟ್ ಹೇಳಿದ ಲೆಕ್ಕದ ಬಗ್ಗೆ ಒಂದು ಮಾತೂ ಇಲ್ಲ. ನಾನು ಹಳೇ ಸ್ಟೇಟ್‌ಮೆಂಟ್ ಎಲ್ಲ ತರಿಸಿಕೊಂಡು ಮಂಡಿಯ ಉದ್ದ ಪುಸ್ತಕದಲ್ಲಿ ತಿಂಗಳವಾರು ಬರೆದೆ. ಅಸಲು ಒಂದು ಕಾಲಂ, ಬಡ್ಡಿ ಒಂದು, ಲೇಟ್ ಫೀ ಒಂದು, ಅದರ ಮೇಲಿನ ಜಿಎಸ್‌ಟಿ ಒಂದು. ಲೇಟ್ ಫೀ ಮತ್ತು ಜಿಎಸ್‌ಟಿಯೇ 14,280 ಆಯಿತು. ಆ ಪುಟದ ಫೋಟೋ ಹಾಕಿ, ಇಷ್ಟನ್ನು ವಾಪಸ್ ಮಾಡಿ, ಉಳಿದ 82,200 ಮೂರು ಕಂತಿನಲ್ಲಿ ಕಟ್ಟುತ್ತೇನೆ, ಕ್ಲೋಸ್ಡ್ ಅಂತಲೇ ಕಳಿಸಬೇಕು ಅಂತ ಬರೆದೆ. ಒಂದು ಸಲ ಆಗಲ್ಲ ಅಂದರು. ಮತ್ತೆ ಬರೆದೆ. ಎರಡನೇ ಸಲ ಒಪ್ಪಿ ಲೆಟರ್‌ಹೆಡ್‌ನಲ್ಲಿ ಪತ್ರ ಕಳಿಸಿದರು. ಬೆಳಗಿನ ಫೋನ್ ನಿಂತಿದೆ.

ಕಾರಿಗೆ ಅಂತ ಇಟ್ಟಿದ್ದ ದುಡ್ಡಿನಿಂದಲೇ ಎರಡು ಕಂತು ಕಟ್ಟಿದ್ದೇನೆ. ಆ ವ್ಯಾಗನ್ ಆರ್ ಬೇರೆಯವರಿಗೆ ಹೋಯಿತು. ಅಮ್ಮನಿಗೆ ಹೇಳಿದೆ. ಹೋಗಲಿ ಬಿಡು, ಕಂಡಕ್ಟರ್ ಹುಡುಗ ಒಳ್ಳೆಯವನು ಅಂದಳು. ಸದ್ಯಕ್ಕೆ ವಾರಕ್ಕೆ ಒಂದು ಸಲ ಪಕ್ಕದ ಮನೆಯವರ ಓಮ್ನಿ ಬಾಡಿಗೆಗೆ ಸಿಗುತ್ತಿದೆ, ಇನ್ನೊಂದು ಸಲ ಬಸ್ಸು.

ಮೂರನೇ ಕಂತು ಬರುವ 5ನೇ ತಾರೀಖು. ಕಟ್ಟಿದ ಮೇಲೆ ರಿಪೋರ್ಟ್ ಬದಲಾಗಲು ಎಷ್ಟು ದಿನ?

ಉತ್ತರ 4: ಮೈಸೂರು, ನಿವೃತ್ತ ಬ್ಯಾಂಕ್ ನೌಕರ

ಬಹಳ ಸಂತೋಷವಾಯಿತಮ್ಮ. ಆ ಪುಸ್ತಕದ ಪುಟ ಜೋಪಾನವಾಗಿಡಿ.

2025ರ ಜನವರಿಯಿಂದ ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕು. ಹಾಗಾಗಿ ಒಂದು ತಿಂಗಳು ನೋಡಿ. ಕೊನೆಯ ಕಂತು ಕಟ್ಟಿದ ದಿನವೇ ಬಾಕಿ ಇಲ್ಲ ಅನ್ನುವ ಪತ್ರ ಕೇಳಿ. ತಿಂಗಳಾದರೂ ರಿಟನ್ ಆಫ್ ಅಂತಲೇ ಇದ್ದರೆ, ಅಥವಾ ಸೆಟಲ್ಡ್ ಅಂತ ಬಂದರೆ, ಬ್ಯಾಂಕಿಗೂ ಸಿಬಿಲ್‌ಗೂ ಎರಡೂ ಪತ್ರ ಹಚ್ಚಿ ದೂರು ಕೊಡಿ. 30 ದಿನದಲ್ಲಿ ಸರಿ ಮಾಡದಿದ್ದರೆ ಆಮೇಲಿನ ಪ್ರತಿ ದಿನಕ್ಕೂ ನಿಮಗೆ 100 ರೂಪಾಯಿ ಪರಿಹಾರ ಕೊಡಬೇಕು. ಉಳಿದ ಮೂರು ಕಂಪನಿಗಳ ರಿಪೋರ್ಟ್ ಕೂಡ ತೆಗೆದು ನೋಡಿ. ಕಾರ್ ಲೋನ್ ಕೊಡುವವರು ಯಾವುದನ್ನು ತೆಗೆಸುತ್ತಾರೋ ಹೇಳಲು ಬರುವುದಿಲ್ಲ.

ಉತ್ತರ 5: ದಾವಣಗೆರೆ ಮೊಬೈಲ್ ಅಂಗಡಿ

ಮೇಡಂ, ನನಗೆ ಕ್ಲೋಸ್ಡ್ ಆಗಿ ಹತ್ತು ತಿಂಗಳಿಗೆ ಲೋನ್ ಆಯಿತು. ಆಗ ಸ್ಕೋರ್ 712. ಬಡ್ಡಿ ಸ್ವಲ್ಪ ಜಾಸ್ತಿ ಹಾಕಿದರು, ಪರವಾಗಿಲ್ಲ ಅಂತ ತೆಗೆದುಕೊಂಡೆ. ಮೂರನೇ ಕಂತು ಕಟ್ಟಿದ ದಿನ ಇಲ್ಲಿ ಒಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.