ಎರೆಮಣ್ಣಿನ ಮೇಲಿನ ಕಾಂಕ್ರೀಟ್ ಕಾಲುದಾರಿ: ಬಿರುಕು, ಕುಸಿತ, ಮೇಲೆಲ್ಲ ಪುಡಿ. ಮೇಲೊಂದು ಪದರ ಹಾಕಿದರೆ ಸಾಕೇ?

ಎರೆಭೂಮಿ_ಹುಬ್ಬಳ್ಳಿ ಕೇಳಿದ್ದು:

ನಮ್ಮದು ಹುಬ್ಬಳ್ಳಿಯ ಪೂರ್ವ ಭಾಗದ ಅಪಾರ್ಟ್‌ಮೆಂಟ್. ಕೆಳಗೆಲ್ಲ ಅಪ್ಪಟ ಎರೆಮಣ್ಣು. ಕಾಂಪೌಂಡ್ ಗೋಡೆಯ ಒಳಬದಿಗೆ 4 ಅಡಿ ಅಗಲ, 130 ಅಡಿ ಉದ್ದದ ಕಾಂಕ್ರೀಟ್ ಕಾಲುದಾರಿ ಇದೆ. ದಪ್ಪ 4 ಇಂಚು. ಇನ್ನೊಂದು ಬದಿಗೆ ಹೂವಿನ ಪಾತಿ. ಜಾಯಿಂಟ್ ಇರುವುದು 20 ಅಡಿಗೊಂದು. ತೊಂದರೆಗಳು ಹೀಗಿವೆ:

ನಟ್ಟನಡುವೆ ಉದ್ದಕ್ಕೂ ಒಂದು ಸೀಳು. ಏಪ್ರಿಲ್‌ನಲ್ಲಿ 5 ಮಿ.ಮೀ. ಬಿಟ್ಟುಕೊಂಡಿರುತ್ತದೆ, ಮಳೆಗಾಲದಲ್ಲಿ ಹೆಚ್ಚುಕಡಿಮೆ ಮುಚ್ಚುತ್ತದೆ. ತಾರಸಿ ನೀರಿನ ಪೈಪ್ ಇಳಿಯುವ ಕಡೆ ಒಂದೂವರೆ ಇಂಚು ಕುಸಿದು ನೀರು ನಿಲ್ಲುತ್ತದೆ. ಹೊಂಗೆ ಮರದ ಹತ್ತಿರ ಜಾಯಿಂಟ್‌ನಲ್ಲಿ ಒಂದು ಇಂಚು ಮೆಟ್ಟಿಲು ಬಿದ್ದಿದೆ, ಹಿರಿಯರು ಎಡವುತ್ತಾರೆ. ಕೊನೆಯ 30 ಅಡಿಯಲ್ಲಿ ಮೇಲ್ಮೈ ಗುಡಿಸಿದಷ್ಟೂ ಪುಡಿ ಏಳುತ್ತದೆ.

ಗುತ್ತಿಗೆದಾರರು ಎಲ್ಲದರ ಮೇಲೂ 2 ಇಂಚು ಕಾಂಕ್ರೀಟ್ ಹಾಕಿ ಟೈಲ್ಸ್ ಕೂರಿಸೋಣ ಅನ್ನುತ್ತಿದ್ದಾರೆ. ಇದು ನಿಲ್ಲುತ್ತದೆಯೇ? ಬಿಡಿಬಿಡಿಯಾಗಿ ರಿಪೇರಿ ಮಾಡುವುದಾದರೆ ಎಲ್ಲಿಂದ ಶುರು ಮಾಡಬೇಕು?

---

ಗರಸು_ಗುದ್ದಲಿ:

ನಿಲ್ಲುವುದಿಲ್ಲ. ಕೆಳಗಿನ ಸೀಳು ಅಲುಗಾಡುತ್ತಿರುವಾಗ ಮೇಲೆ 2 ಇಂಚು ಹಾಕಿದರೆ ಅದೇ ಗೆರೆಯಲ್ಲಿ ಹೊಸ ಪದರವೂ ಸೀಳುತ್ತದೆ, ಟೈಲ್ ಅದರ ಜೊತೆ ಏಳುತ್ತದೆ. ಮಟ್ಟ 2 ಇಂಚು ಏರಿದ ಮೇಲೆ ಗೇಟು ತಾಗುವುದು, ನೀರು ಕಟ್ಟಡದ ಕಡೆಗೇ ತಿರುಗುವುದು ಬೇರೆ.

ಬೇಸಿಗೆಯಲ್ಲಿ ಬಿಟ್ಟು ಮಳೆಯಲ್ಲಿ ಮುಚ್ಚುತ್ತದೆ ಅಂದಿರಲ್ಲ, ಅದರಲ್ಲೇ ಉತ್ತರವಿದೆ. ತಪ್ಪು ಸಿಮೆಂಟಿನದಲ್ಲ, ಮಣ್ಣಿನದು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಸ್ಲ್ಯಾಬಿನ ನಡುಭಾಗದ ಕೆಳಗೆ ತೇವ ಹೆಚ್ಚು ಬದಲಾಗುವುದಿಲ್ಲ. ಪಾತಿಯ ಕಡೆಯ ಅಂಚು ಮಾತ್ರ ಒಮ್ಮೆ ನೆನೆಯುತ್ತದೆ, ಒಮ್ಮೆ ಒಣಗುತ್ತದೆ. ಅಂಚು ಏರಿಳಿದಂತೆ ಸ್ಲ್ಯಾಬು ನಡುವೆ ಮುರಿಯುತ್ತದೆ. ಅದಕ್ಕೇ ಸೀಳು ಉದ್ದಕ್ಕೆ ಹೋಗಿದೆ. 20 ಅಡಿಗೊಂದು ಜಾಯಿಂಟ್ ಇದ್ದುದರಿಂದ ಅಡ್ಡ ಸೀಳುಗಳೂ ಇರಲೇಬೇಕು, ನೋಡಿ. 4 ಇಂಚು ದಪ್ಪಕ್ಕೆ ಜಾಯಿಂಟ್ 8ರಿಂದ 10 ಅಡಿ ದಾಟಬಾರದು. 4 ಅಡಿ ಅಗಲದ ದಾರಿಗೆ 4-5 ಅಡಿಗೊಂದು ಇದ್ದರೆ ಒಳ್ಳೆಯದು.

ಮೊದಲ ಕೆಲಸ ನೀರಿನದು, ಕಾಂಕ್ರೀಟಿಗೆ ಆಮೇಲೆ ಕೈ ಹಾಕಿ. ತಾರಸಿ ಪೈಪನ್ನು ದಾರಿಯ ಮೇಲೆ ಬಿಡದೆ ಮುಚ್ಚಿದ ಪೈಪಿನಲ್ಲಿ ಚರಂಡಿಗೆ ಮುಟ್ಟಿಸಿ. ಪಾತಿಯ ಮಣ್ಣು ದಾರಿಗಿಂತ ಎತ್ತರ ಇದ್ದರೆ 2 ಇಂಚು ತಗ್ಗಿಸಿ, ನೀರು ಬಿಡುವ ಪೈಪು ಅಂಚಿನ ಹತ್ತಿರ ಸೋರದಂತೆ ನೋಡಿ. ಇದಿಷ್ಟು ಮಾಡಿ ಒಂದು ಮಳೆಗಾಲ ಕಾಯಲು ಸಾಧ್ಯವಾದರೆ ಕಾಯಿರಿ. ಸೀಳಿನ ಎರಡೂ ಬದಿಗೆ ಕಾಂಕ್ರೀಟ್ ಮೊಳೆ ಹೊಡೆದು, ಮೊಳೆಯಿಂದ ಮೊಳೆಗೆ ತಿಂಗಳಿಗೊಮ್ಮೆ ಅಳತೆ ಬರೆದಿಡಿ. ಹಾಗೆಯೇ ಸುತ್ತಿಗೆಯಿಂದ ತಟ್ಟುತ್ತ ಹೋಗಿ. ಟೊಳ್ಳು ಸದ್ದು ಬಂದ ಕಡೆ ಅಡಿಯಲ್ಲಿ ಮಣ್ಣು ಬಿಟ್ಟುಕೊಂಡಿದೆ ಎಂದೇ ಅರ್ಥ. ಅಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ.

---

ಸೈಟ್_ಧಾರವಾಡ:

ಮೇಲಿನವರು ಹೇಳಿದ್ದು ಸರಿ. ಕುಸಿದ ಭಾಗವನ್ನು ಎತ್ತಿ ಕೂರಿಸಲು ಹೋಗಬೇಡ್ರಿ, ಒಡೆದು ಹೊಸದಾಗಿ ಹಾಕುವುದೇ ಅಗ್ಗ.

ಒಡೆಯುವುದು. ಉಳಿಸಿಕೊಳ್ಳುವ ಭಾಗದ ಗಡಿಯಲ್ಲಿ ಮೊದಲು ಕಟಿಂಗ್ ಗೆರೆ. 4 ಇಂಚಿನ ಮಾರ್ಬಲ್ ಕಟರ್ ಒಂದೂಕಾಲು ಇಂಚಿಗಿಂತ ಆಳ ಹೋಗುವುದಿಲ್ಲ. ಪೂರ್ತಿ ದಪ್ಪ ಕತ್ತರಿಸಲು 14 ಇಂಚು ಬ್ಲೇಡಿನ ಫ್ಲೋರ್ ಕಟರ್ ಬಾಡಿಗೆಗೆ ತನ್ನಿ. ಬ್ರೇಕರ್ ನಡುವಿನಿಂದ ಶುರುವಾಗಲಿ. ಅಂಚಿನಿಂದ ಶುರು ಮಾಡಿದರೆ ಪಕ್ಕದ ಒಳ್ಳೆಯ ಸ್ಲ್ಯಾಬೂ ಅಲುಗುತ್ತದೆ.

ಅಗೆಯುವುದು, ತುಂಬುವುದು. ಸ್ಲ್ಯಾಬಿನ ತಳದಿಂದ ಒಂದೂವರೆ ಅಡಿ ಎರೆಮಣ್ಣು ತೆಗೆದು ಗರಸು ತುಂಬಿ. ಇಲ್ಲಿ ಮೇಸ್ತ್ರಿಗಳು ತಪ್ಪದೆ ಮಾಡುವ ತಪ್ಪೊಂದಿದೆ: ಎಂ-ಸ್ಯಾಂಡ್ ಅಥವಾ ಇಟ್ಟಿಗೆ ಚೂರು ಸುರಿದುಬಿಡುತ್ತಾರೆ. ಮರಳಿನ ಗುಂಡಿಗೆ ನಾಲ್ಕೂ ಕಡೆಯ ನೀರು ಇಳಿದು ನಿಲ್ಲುತ್ತದೆ, ಅದರ ತಳದ ಎರೆ ಉಬ್ಬುತ್ತಲೇ ಇರುತ್ತದೆ. ಬೇಕಾದ್ದು ಅಂಟು ಇರುವ ಆದರೆ ಉಬ್ಬದ ಮಣ್ಣು. ಕಾಲುವೆ ಕೆಲಸದವರು ಸಿಎನ್‌ಎಸ್ ಮಣ್ಣು ಅನ್ನುವುದು ಇದನ್ನೇ, ಎರೆಯಲ್ಲಿ ಕಾಲುವೆ ಲೈನಿಂಗ್ ಮಾಡುವುದಕ್ಕಿರುವ ಭಾರತೀಯ ಮಾನಕ ಐಎಸ್ 9451 ಹೇಳುವುದೂ ಇದೇ.

ಟ್ರಾಕ್ಟರಿನಲ್ಲಿ ಬಂದದ್ದು ನಿಜವಾದ ಗರಸೋ, ಎರೆ ಬೆರೆತದ್ದೋ ಅಂತ ನೋಡಲು ಐಎಸ್ 2720ರ 40ನೇ ಭಾಗದ ಪರೀಕ್ಷೆ ಸುಲಭ. ಒಣಗಿಸಿ ನುಣ್ಣಗೆ ಜರಡಿ ಹಿಡಿದ ಮಣ್ಣು 10 ಗ್ರಾಂ ಒಂದು ಅಳತೆ ಜಾಡಿಗೆ, 10 ಗ್ರಾಂ ಇನ್ನೊಂದಕ್ಕೆ. ಒಂದಕ್ಕೆ ಭಟ್ಟಿ ಇಳಿಸಿದ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಕಲಕಿ 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಎರಡೂ ಜಾಡಿಯ ತಳದಲ್ಲಿ ಮಣ್ಣಿನ ಮಟ್ಟ ಹೆಚ್ಚುಕಡಿಮೆ ಒಂದೇ ಇದ್ದರೆ ಗರಸು ಸರಿ. ನೀರಿನ ಜಾಡಿಯದು ಒಂದೂವರೆ ಪಟ್ಟು ಬಂದರೆ ವಾಪಸ್ ಕಳಿಸಿ.

ಸಡಿಲ 6 ಇಂಚು ಹರಡಿ, ತಟ್ಟಿ 4 ಇಂಚಿಗೆ ತನ್ನಿ, ಆಮೇಲೆ ಮುಂದಿನ ಪದರ. ಕೈದಿಮ್ಮಸು ಸಾಲದು, ಪ್ಲೇಟ್ ಕಾಂಪ್ಯಾಕ್ಟರ್ ಬೇಕು. ತೇವ ಎಷ್ಟಿರಬೇಕೆಂದರೆ, ಮುಷ್ಟಿಯಲ್ಲಿ ಹಿಸುಕಿದಾಗ ಉಂಡೆ ನಿಲ್ಲಬೇಕು, ಅಂಗೈ ಒದ್ದೆಯಾಗಬಾರದು. 4×5 ಅಡಿಯ ಒಂದು ಪ್ಯಾನೆಲ್ಲಿಗೆ (ಎರಡು ಜಾಯಿಂಟ್ ನಡುವಿನ ತುಂಡಿಗೆ) ತಟ್ಟಿದ ಗರಸು 30 ಘನ ಅಡಿ, ಅಂದರೆ ಸಡಿಲ ಸುಮಾರು 45.

ಕಾಂಕ್ರೀಟ್. ಗರಸಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ. ಎಂ20 ಮಿಶ್ರಣ, ಸಿಮೆಂಟ್, ಮರಳು, ಜಲ್ಲಿ 1:1.5:3. ಅದೇ 4×5 ಅಡಿ, 4 ಇಂಚಿನ ಪ್ಯಾನೆಲ್ಲಿಗೆ ಒಂದೂವರೆ ಚೀಲ ಸಿಮೆಂಟ್, 2.8 ಘನ ಅಡಿ ಮರಳು, 5.6 ಘನ ಅಡಿ 20 ಮಿ.ಮೀ. ಜಲ್ಲಿ. ನೀರಿಗೆ ಐಎಸ್ 456ರ ಮಿತಿ ಚೀಲಕ್ಕೆ 30 ಲೀಟರ್, ಮರಳು ಒದ್ದೆ ಇದ್ದರೆ ಅದರಲ್ಲೂ ಕಡಿಮೆ. ಮಿಕ್ಸರ್ ಹತ್ತಿರ ಅಳತೆ ಗುರುತಿಲ್ಲದ ಬಕೆಟ್ ಇಡಬೇಡ್ರಿ. ಪೈಪು ಹಿಡಿದು ಕಲಸುವ ಕಡೆ ಈ 30 ಲೀಟರ್ ಕಾಗದದ ಮೇಲೆ ಮಾತ್ರ ಇರುತ್ತದೆ.

ಹಳೆ ಸ್ಲ್ಯಾಬಿಗೆ ತಾಗುವ ಕಡೆ, ಅದು ಪೂರ್ತಿ 4 ಇಂಚು ದಪ್ಪ ಇದ್ದರೆ, ದಪ್ಪದ ನಡುವೆ ರಂಧ್ರ ಕೊರೆದು 12 ಮಿ.ಮೀ. ನಯ ಸಲಾಕೆ ಕೂರಿಸಿ: 16 ಇಂಚು ಉದ್ದ, ಅರ್ಧ ಹಳೆಯದರಲ್ಲಿ ಎಪಾಕ್ಸಿ ಹಾಕಿ, ಅರ್ಧ ಗ್ರೀಸ್ ಹಚ್ಚಿ ಹೊಸದರಲ್ಲಿ. ಒಂದು ಅಡಿಗೊಂದು, 4 ಸಾಕು. ಆಗ ಹಿಂದೆಮುಂದೆ ಸರಿಯಬಹುದು, ಒಂದು ಏರಿ ಒಂದು ಇಳಿಯಲಾರದು. ಸಲಾಕೆಗಳು ಒಂದಕ್ಕೊಂದು ಸಮಾನಾಂತರ ಇಲ್ಲದಿದ್ದರೆ ಜಾಯಿಂಟ್ ಬಿಗಿದುಕೊಂಡು ಪಕ್ಕದಲ್ಲಿ ಸೀಳುತ್ತದೆ, ಅದನ್ನು ಗಮನಿಸಿ. ಕಾಂಪೌಂಡ್ ಗೋಡೆಗೆ ನೇರ ತಾಗಿಸಬೇಡ್ರಿ. ನಡುವೆ ಅರ್ಧ ಇಂಚು ಥರ್ಮೋಕೋಲ್ ಇರಲಿ.

ಇಳಿಜಾರು 50ಕ್ಕೆ 1, ಅಂದರೆ 4 ಅಡಿ ಅಗಲಕ್ಕೆ ಒಂದು ಇಂಚು, ಗೋಡೆಯಿಂದ ದೂರಕ್ಕೆ. ಮಟ್ಟಗೋಲು ಎಳೆದ ಮೇಲೆ ಮೇಲೆ ಬಂದ ನೀರು ತಾನೇ ಆರುವವರೆಗೆ ಕರಣಿ ಮುಟ್ಟಿಸಬಾರದು. ಆಮೇಲೆ ಉಜ್ಜಿ, ಅಡ್ಡಕ್ಕೆ ಪೊರಕೆ ಗೆರೆ ಎಳೆಯಿರಿ. ಜಾಯಿಂಟ್ ಒಂದು ಇಂಚು ಆಳ. ಹಸಿಯಲ್ಲಿ ಗೆರೆ ಕೊಡದಿದ್ದರೆ 6ರಿಂದ 12 ಗಂಟೆಯೊಳಗೆ ಕಟರ್ ಹಾಕಿ. ಮರುದಿನ ಮಧ್ಯಾಹ್ನ ಹೋದರೆ ಅಷ್ಟರಲ್ಲಿ ಕಾಂಕ್ರೀಟೇ ತನಗೆ ಬೇಕಾದಲ್ಲಿ ಜಾಯಿಂಟ್ ಮಾಡಿಕೊಂಡಿರುತ್ತದೆ. ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟ್, ಅದು ನಿಧಾನವಾಗಿ ಬಲ ಪಡೆಯುತ್ತದೆ, ಆದ್ದರಿಂದ ಒದ್ದೆ ಗೋಣಿತಟ್ಟು 10 ದಿನಕ್ಕೆ ಕಡಿಮೆ ಬೇಡ.

---

ಬಿರುಕು_ಮೇಸ್ತ್ರಿ:

ಕುಸಿಯದೆ ಬರೀ ಸೀಳಿರುವ ಕಡೆ ಒಡೆಯುವ ಅಗತ್ಯವಿಲ್ಲ. ಆದರೆ ಆ ಸೀಳಿಗೆ ಸಿಮೆಂಟ್ ಹಾಲು ಸುರಿಯಬೇಡಿ. ಬೇಸಿಗೆಯಲ್ಲಿ ತುಂಬಿದ ಸಿಮೆಂಟ್ ಗಟ್ಟಿಯಾಗಿ ಬೆಣೆ ಹೊಡೆದಂತೆ ಕೂರುತ್ತದೆ. ಮಳೆಗೆ ಸೀಳು ಮುಚ್ಚಲು ಹೋದಾಗ ಎರಡೂ ಅಂಚು ಚಕ್ಕೆ ಏಳುತ್ತವೆ.

ಇಲ್ಲಿಗೆ ರಬ್ಬರಿನಂತೆ ಹಿಗ್ಗುವ ಪಿಯು (ಪಾಲಿಯುರೆಥೇನ್) ಸೀಲಂಟ್ ಸರಿ. ಸೀಳಿನ ಗುಂಟ 10 ಮಿ.ಮೀ. ಅಗಲ, 20 ಮಿ.ಮೀ. ಆಳದ ಕಾಲುವೆ ಕೊರೆಯಿರಿ. ತಂತಿ ಬ್ರಷ್ ಹಾಕಿ, ಬ್ಲೋವರ್‌ನಿಂದ ಧೂಳು ತೆಗೆಯಿರಿ, ಪೂರ್ತಿ ಒಣಗಲಿ. 12 ಮಿ.ಮೀ. ಫೋಮ್ ಹಗ್ಗವನ್ನು ಒತ್ತಿ ಕೂರಿಸಿ ಮೇಲೆ 10 ಮಿ.ಮೀ. ಜಾಗ ಉಳಿಸಿ, ಸೀಲಂಟ್ ತುಂಬಿ. ಹಗ್ಗ ಬಿಟ್ಟರೆ ಸೀಲಂಟ್ ತಳಕ್ಕೂ ಎರಡು ಬದಿಗೂ ಅಂಟಿಕೊಳ್ಳುತ್ತದೆ, ಸೀಳು ಬಿಟ್ಟಾಗ ಹಿಗ್ಗಲಾರದೆ ಹರಿಯುತ್ತದೆ. ಈ ಅಳತೆಗೆ 600 ಮಿ.ಲೀ. ಪ್ಯಾಕೆಟ್ ಒಂದಕ್ಕೆ 20 ಅಡಿ ಬರುತ್ತದೆ.

ಯಾವಾಗ ತುಂಬುತ್ತೀರಿ ಅನ್ನುವುದೂ ಮುಖ್ಯ. ಏಪ್ರಿಲ್‌ನಲ್ಲಿ ತುಂಬಿದ್ದು ಆಗಸ್ಟ್‌ನಲ್ಲಿ ಮೇಲಕ್ಕೆ ಉಕ್ಕಿ ಕಾಲಿಗೆ ಸಿಗುತ್ತದೆ. ಆಗಸ್ಟ್‌ನಲ್ಲಿ ತುಂಬಿದ್ದು ಬೇಸಿಗೆಗೆ ಅಂಚು ಬಿಡುತ್ತದೆ. ನವೆಂಬರ್-ಡಿಸೆಂಬರ್‌ನಲ್ಲಿ ಸೀಳು ನಡುಮಟ್ಟದಲ್ಲಿ ಇರುತ್ತದೆ, ಕಾಂಕ್ರೀಟೂ ಒಣಗಿರುತ್ತದೆ. ನಾನಾದರೆ ಆಗಲೇ ಮಾಡಿಸುವೆ.

ಪುಡಿ ಏಳುವುದಕ್ಕೆ ಎರಡು ಕಾರಣ: ನೀರು ಹೆಚ್ಚಾದ ಮಿಶ್ರಣ, ಇಲ್ಲವೇ ಹಸಿ ಮೇಲ್ಮೈ ಬೇಗ ಆರಲೆಂದು ಒಣ ಸಿಮೆಂಟ್ ಎರಚಿ ಉಜ್ಜಿದ್ದು. ಮೊಳೆಯಿಂದ ಗೀರಿ ನೋಡಿ. ಒಂದೆರಡು ಮಿ.ಮೀ. ಮಾತ್ರ ಪುಡಿಯಾದರೆ ತಂತಿ ಬ್ರಷ್ ಹಾಕಿ ತೊಳೆದು ಒಣಗಿಸಿ, ಸೋಡಿಯಂ ಸಿಲಿಕೇಟ್ ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸಿ ಬಳಿಯಿರಿ. ಒಂದು ಕೋಟ್ ಒಣಗಿದ ಮೇಲೆ ಇನ್ನೊಂದು, ಒಟ್ಟು ಮೂರು. 5 ಮಿ.ಮೀ. ಆಳಕ್ಕೂ ಮೊಳೆ ಇಳಿದರೆ ಇದು ಕೆಲಸಕ್ಕೆ ಬಾರದು. ಗಟ್ಟಿ ಕಾಂಕ್ರೀಟ್ ಸಿಗುವವರೆಗೆ ಕೆತ್ತಿ, ಎಸ್‌ಬಿಆರ್ ಲೇಟೆಕ್ಸ್ (ಅಂಟು ಹೆಚ್ಚಿಸುವ ರಬ್ಬರ್ ಹಾಲು) ಬೆರೆಸಿದ 1:3 ಸಿಮೆಂಟ್-ಮರಳು ಗಾರೆ ಹಾಕಬೇಕು. ಲೇಟೆಕ್ಸ್ ಅಳತೆ ಡಬ್ಬಿಯ ಮೇಲಿರುವಂತೆ. ತೇಪೆಯ ಅಂಚನ್ನು ಕಟರ್‌ನಿಂದ ನೇರ ಕತ್ತರಿಸಿ, ಎಲ್ಲೂ 10 ಮಿ.ಮೀ.ಗಿಂತ ತೆಳು ಬೇಡ. ಅಂಚಿಗೆ ತೆಳ್ಳಗೆ ಸವರಿದ ಗಾರೆ ಮೊದಲ ಮಳೆಗೇ ಹಪ್ಪಳದಂತೆ ಏಳುತ್ತದೆ. ಗಾರೆಗೆ ಮೊದಲು ಬಳಿಯುವ ಲೇಟೆಕ್ಸ್-ಸಿಮೆಂಟ್ ಅಂಟುಪದರ ಹಸಿ ಇರುವಾಗಲೇ ಗಾರೆ ಬೀಳಬೇಕು. ಅದು ಒಣಗಿತೋ, ಅಂಟಿಸುವ ಬದಲು ಬಿಡಿಸುವ ಪದರವಾಗುತ್ತದೆ. ಒಂದೇ ಸಲ 30 ಅಡಿಗೂ ಬಳಿಯಬೇಡಿ, 5-6 ಅಡಿಯಂತೆ ಮುಂದುವರಿಸಿ.

---

ಸಲಾಕೆ_ಸೆಂಟ್ರಿಂಗ್:

ಹೊಸ ಪ್ಯಾನೆಲ್ಲಿಗೆ 6 ಮಿ.ಮೀ. ಜಾಲರಿ ಹಾಕಿದರೆ ಸೀಳುವುದೇ ಇಲ್ಲವಲ್ಲ? ಯಾರೂ ಹೇಳಲಿಲ್ಲ.

ಸೈಟ್_ಧಾರವಾಡ:

ಜಾಲರಿ ಸೀಳು ತಡೆಯುವುದಿಲ್ಲ, ಸೀಳಿದ ಮೇಲೆ ಬಿಟ್ಟುಕೊಳ್ಳದಂತೆ ಹಿಡಿಯುತ್ತದೆ. ಅದೂ ಸ್ಲ್ಯಾಬಿನ ನಡುವೆ ಅಥವಾ ಸ್ವಲ್ಪ ಮೇಲೆ ಇದ್ದರೆ. ನಮ್ಮಲ್ಲಿ ನೆಲದ ಮೇಲೆ ಹಾಸಿ, ಕಾಂಕ್ರೀಟ್ ಸುರಿಯುವಾಗ ಕೊಕ್ಕೆಯಲ್ಲಿ ಎತ್ತುತ್ತೇವೆ ಅನ್ನುತ್ತಾರೆ. ತುಳಿದಾಟದಲ್ಲಿ ಮತ್ತೆ ತಳಕ್ಕೇ ಹೋಗಿ ಕೂರುತ್ತದೆ. 2 ಇಂಚಿನ ಕವರ್ ಬ್ಲಾಕ್ ಇಡ್ರಿ. 5 ಅಡಿಗೊಂದು ಜಾಯಿಂಟ್ ಇರುವ ಬರೀ ನಡೆಯುವ ದಾರಿಗೆ ಅದು ಬೇಕಿಲ್ಲ. ಕಾರು ದಾಟುವ ಗೇಟಿನ ಎದುರು ಮಾತ್ರ 6 ಇಂಚು ದಪ್ಪ, 8 ಮಿ.ಮೀ. ಸಲಾಕೆ 8 ಇಂಚಿಗೊಂದು, ಎರಡೂ ದಿಕ್ಕಿಗೆ.

---

ನೆರಳು_ಬೇರು:

ಹೊಂಗೆಯ ಹತ್ತಿರದ ಮೆಟ್ಟಿಲು ಬೇರು ಎತ್ತಿದ್ದೇ ಅಂತ ಮೊದಲು ಖಚಿತಪಡಿಸಿಕೊಳ್ಳಿ. ಎರೆಯಲ್ಲಿ ಮರ ತೇವ ಹೀರಿ ಮಣ್ಣು ಕುಗ್ಗುವುದರಿಂದ ಮರದ ಕಡೆಯ ಸ್ಲ್ಯಾಬೇ ಕೆಳಗಿಳಿದಿರಬಹುದು. ಸುತ್ತಲಿನ ಮೂರ್ನಾಲ್ಕು ಪ್ಯಾನೆಲ್ಲಿಗೆ ದಾರ ಕಟ್ಟಿ ರಸಮಟ್ಟ ಹಿಡಿದರೆ ಯಾವುದು ಏರಿದೆ, ಯಾವುದು ಇಳಿದಿದೆ ಗೊತ್ತಾಗುತ್ತದೆ.

ಬೇರೇ ಆಗಿದ್ದರೆ ಎರಡು ಇಂಚಿಗಿಂತ ದಪ್ಪದ್ದನ್ನು ಕಡಿಯಬೇಡಿ. ಒಂದು ಬದಿಯ ಹಿಡಿತ ಹೋದ ಮರ ಗಾಳಿಮಳೆಗೆ ಉರುಳುತ್ತದೆ. ಮರದ ಸುತ್ತ ಒಂದು ಮೀಟರ್ ಕಾಂಕ್ರೀಟ್ ಇರಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ದೆಹಲಿಗೆ ಆದೇಶಿಸಿತ್ತು. ಅದೇ ಅಳತೆ ಇಟ್ಟುಕೊಂಡು ಆ ಪ್ಯಾನೆಲ್ ತೆಗೆದು 60 ಮಿ.ಮೀ. ಇಂಟರ್‌ಲಾಕ್ ಬ್ಲಾಕ್ ಹಾಸಿ, ಬೇರು ಮತ್ತೆ ಎತ್ತಿದರೆ ಕಿತ್ತು ಕೂರಿಸಬಹುದು. ಅದರಡಿಯ ಮರಳು ನೀರು ಇಳಿಸುತ್ತದೆ ನಿಜ, ಹಾಗಾಗಿ ಇಡೀ ದಾರಿಗೆ ಬ್ಲಾಕ್ ಬೇಡ, ಮರದ ಹತ್ತಿರ ಮಾತ್ರ. ಅಲ್ಲಿಯವರೆಗೆ ಎಡವದಿರಲು ಎತ್ತರದ ಅಂಚನ್ನು ಅರ್ಧ ಇಂಚು ಗ್ರೈಂಡ್ ಮಾಡಿ. ಉಳಿದರ್ಧಕ್ಕೆ ತಗ್ಗಿನ ಕಡೆ ಲೇಟೆಕ್ಸ್ ಗಾರೆಯ ಇಳಿಜಾರು, 12ಕ್ಕೆ 1ಕ್ಕಿಂತ ಕಡಿದು ಬೇಡ. ಆ ಇಳಿಜಾರಿನ ತೆಳು ತುದಿಗೂ ಕಟರ್ ಹಾಕಿ 10 ಮಿ.ಮೀ. ಕೆತ್ತಿಕೊಳ್ಳಿ.

---

ಎರೆಭೂಮಿ_ಹುಬ್ಬಳ್ಳಿ:

ಎಲ್ಲರಿಗೂ ಧನ್ಯವಾದ. ಇನ್ನೊಂದೇ ಸಂಶಯ: ಗೋಡೆಯ ಪಕ್ಕದಲ್ಲೇ ಒಂದೂವರೆ ಅಡಿ ಅಗೆದರೆ ಕಾಂಪೌಂಡ್ ವಾಲುವುದಿಲ್ಲವೇ?

ಗರಸು_ಗುದ್ದಲಿ:

ಮೊದಲು ಒಂದು ಕಡೆ ಸಣ್ಣ ಗುಂಡಿ ತೋಡಿ ಪಾಯದ ತಳ ಎಷ್ಟು ಆಳದಲ್ಲಿದೆ ನೋಡಿ. ಅಗೆತ ಅದಕ್ಕಿಂತ ಕನಿಷ್ಠ ಅರ್ಧ ಅಡಿ ಮೇಲೆಯೇ ನಿಲ್ಲಬೇಕು. ಪಾಯ ಮೇಲಿದ್ದರೆ ಗೋಡೆಯ ಕಡೆಯ ಒಂದು ಅಡಿಯಲ್ಲಿ ಆಳ ಕಡಿಮೆ ಮಾಡಿ, ಪಾತಿಯ ಕಡೆ ಮಾತ್ರ ಪೂರ್ತಿ ಆಳ ಹೋಗಿ. ಎದ್ದುಬೀಳುವ ಅಂಚು ಅದೇ ತಾನೆ. ಸಾಲಾಗಿ ಅಗೆಯದೆ ಒಂದು ಬಿಟ್ಟು ಒಂದು ಪ್ಯಾನೆಲ್ ಹಿಡಿಯಿರಿ, ತುಂಬಿ ತಟ್ಟಿದ ಮೇಲೆ ನಡುವಿನದು. ತೆರೆದ ಗುಂಡಿಗೆ ಮಳೆ ಬಿದ್ದರೆ ನೆನೆದ ತಳದ ಮೇಲೆ ಗರಸು ಸುರಿಯಬೇಡಿ. ಕೆಸರಾದ ಪದರ ಬಾಚಿ ಹೊರಹಾಕಿ, ಹೆಚ್ಚಿದ ಆಳಕ್ಕೂ ಗರಸನ್ನೇ ತುಂಬಿ.